ಮುಚ್ಚಳದ ಒಳಗಿನ ಸೂಜಿ

ಗೆಳೆಯ ತೀರಿಕೊಂಡು ಎರಡು ತಿಂಗಳಾಯಿತು. ಅಳು ಬರಬೇಕಾದ ಹೊತ್ತಿನಲ್ಲೆಲ್ಲ ನನಗೆ ಸಿಟ್ಟು ಬರುತ್ತಿದೆ. ಯಾಕೆಂದು ಹೇಳುವ ಮೊದಲು ಅವನು ಎಂಥವನು ಎಂದು ಹೇಳಬೇಕು.

ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿದವನು ಅವನು. ಊರಿಗೆಲ್ಲ ಅವನು 'ಮೀಟರ್'. ಸ್ವಂತ ಹೆಸರು ಸಂಬಳದ ಚೀಟಿಗಷ್ಟೇ ಮೀಸಲಾಗಿತ್ತು. ಬಾಗಿಲ ಹಿಂದೆ, ಮೆಟ್ಟಿಲ ಕೆಳಗೆ, ಬಚ್ಚಲ ಪಕ್ಕ, ಮೀಟರ್ ಎಲ್ಲಿರುತ್ತದೋ ಅಲ್ಲಿಗೆ ನೆಟ್ಟಗೆ ನುಗ್ಗುತ್ತಿದ್ದ. ಅವನು ಬಂದನೆಂದು ಜನ ತಮ್ಮ ಜಗಳವನ್ನೂ ನಿಲ್ಲಿಸುತ್ತಿರಲಿಲ್ಲ. ಅಂಕಿ ಬರೆದುಕೊಂಡು ಹೊರಡುವಾಗ ಒಂದೇ ಪ್ರಶ್ನೆ: "ನಿಂತುಹೋದ ಹಳೇ ವಾಚು ಯಾವುದಾದ್ರೂ ಬಿದ್ದಿದ್ಯಾ ಅಮ್ಮಾ? ಬೀರು, ಡ್ರಾಯರು, ಎಲ್ಲಾದ್ರೂ?"

ಹೀಗೆ ಅವನ ಬಳಿ ಕೂಡಿದ್ದು ನಲವತ್ತೊಂದು ಕೈಗಡಿಯಾರ. ಎಲ್ಲವೂ ಕೀ ಕೊಡುವಂಥವು. ಚಿನ್ನದ್ದು ಒಂದೂ ಇಲ್ಲ, ದೊಡ್ಡವರು ಕಟ್ಟಿದ್ದೂ ಒಂದೂ ಇಲ್ಲ. ಲಾರಿ ಡ್ರೈವರೊಬ್ಬನ ವಾಚಿನ ಗಾಜು ಒಂದು ಮಗ್ಗುಲು ಮಾತ್ರ ಮಂಕಾಗಿತ್ತು. ಸ್ಟಿಯರಿಂಗಿಗೆ ಉಜ್ಜಿ ಉಜ್ಜಿ ಹಾಗಾದದ್ದು. ಸೂಲಗಿತ್ತಿಯೊಬ್ಬಳ ವಾಚಿನ ಸೆಕೆಂಡಿನ ಮುಳ್ಳಿನ ಕೆಂಪು ಇನ್ನೂ ಮಾಸಿರಲಿಲ್ಲ. ಹೆಡ್‌ಮಾಸ್ಟರ್ ಒಬ್ಬರ ವಾಚು ಹನ್ನೊಂದು ವರ್ಷದಲ್ಲಿ ಏಳು ಸಲ ರಿಪೇರಿಗೆ ಹೋಗಿತ್ತು.

"ಏನು ಸಾರ್, ವರ್ಷಾ ವರ್ಷಾ ಬಾವಿಗೆ ಹಾಕ್ತಿದ್ರಾ?" ಎಂದು ಮೀಟರ್ ಅವರನ್ನೇ ಕೇಳಿದ.

ಉತ್ತರ ಕೊಟ್ಟವರು ಅವರ ಹೆಂಡತಿ. "ಮೇಜು ಗುದ್ದದೆ ಇವರಿಗೆ ಲೆಕ್ಕ ಬರ್ತಿರಲಿಲ್ಲಪ್ಪ. ಮಕ್ಕಳು ಪಾಸಾದ್ರು, ವಾಚು ಫೇಲಾಯ್ತು."

ಏಳು ಸಲ ಎಂದು ಅವನಿಗೆ ಹೇಗೆ ಗೊತ್ತಾಯಿತು? ರಿಪೇರಿಯವರಲ್ಲಿ ಒಂದು ಹಳೆಯ ರೂಢಿ ಇತ್ತು. ಕೆಲಸ ಮುಗಿದ ಮೇಲೆ ಹಿಂಬದಿಯ ಮುಚ್ಚಳದ ಒಳಮೈಯಲ್ಲಿ ಚೂಪು ಉಪಕರಣದ ಮೊನೆಯಿಂದ ತಮ್ಮ ಗುರುತು, ತಿಂಗಳು, ವರ್ಷ ಗೀಚುತ್ತಿದ್ದರು. ಮುಂದೆ ಬಿಚ್ಚುವವನಿಗೆ ಯಾರು ಯಾವಾಗ ಕೈ ಹಾಕಿದ್ದರೆಂದು ತಿಳಿಯಲಿ ಎಂದು. ವಾಚು ಕಟ್ಟಿದವನಿಗೆ ಅದು ಜೀವಮಾನದಲ್ಲಿ ಕಾಣುವುದಿಲ್ಲ. ಮೀಟರ್ ಬೇರೆಯವರ ಹಾಗೆ ಡಯಲ್ ನೋಡಿ ಬೆರಗಾಗುತ್ತಿರಲಿಲ್ಲ. ತೊಡೆಯ ಮೇಲೆ ಟವೆಲ್ ಹಾಸಿ, ವಾಚನ್ನು ಕವುಚಿ, ಮುಚ್ಚಳ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಳ್ಳುತ್ತಿದ್ದ. "ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ. ಮುಚ್ಚಳದ ಗೀಟಿಗೆ ಬೇಕು ಕಣೋ" ಎನ್ನುತ್ತಿದ್ದ.

ಅವನು ಹುಡುಕುತ್ತಿದ್ದದ್ದು ಒಂದೇ ಗುರುತು: ಅಕ್ಕಿ ಕಾಳಿಗಿಂತ ಚಿಕ್ಕದಾದ ಸೂಜಿ. ಒಂದು ಗೀಟು, ಅದರ ತುದಿಗೆ ಪುಟ್ಟ ಕಣ್ಣು. ಅದಿಲ್ಲದ ವಾಚನ್ನು, ಎಷ್ಟೇ ಚೆಂದವಿರಲಿ, ಮುಚ್ಚಳ ಹಾಕಿ ಮನೆಯವರಿಗೇ ವಾಪಸು ಕೊಡುತ್ತಿದ್ದ.

ಅದು ಯಾರ ಗುರುತೆಂದು ನನಗೆ ಹೇಳಿದ್ದು ಪರಿಚಯವಾಗಿ ಆರು ವರ್ಷದ ಮೇಲೆ.

ಹಳೆಯ ಬಸ್ ನಿಲ್ದಾಣದ ಎದುರು ಒಂದು ವಾಚ್ ರಿಪೇರಿ ಅಂಗಡಿಯಿತ್ತು. ಯಜಮಾನ ಮುಂದುಗಡೆ, ಗಾಜಿನ ಪೆಟ್ಟಿಗೆಯ ಹಿಂದೆ ಕೂರುತ್ತಿದ್ದ. ಕರೆಂಟಿನ ಮೀಟರ್ ಹಿಂದುಗಡೆ, ಪರದೆಯ ಆಚೆ. ನೌಕರಿಯ ಮೊದಲ ವರ್ಷ ನನ್ನ ಗೆಳೆಯ ಪರದೆ ಸರಿಸಿ ಒಳಗೆ ಹೋದಾಗ ಯಜಮಾನನ ಹೆಂಡತಿ ಚಿಮಟ ಹಿಡಿದು ಒಂದು ವಾಚಿನ ಪುಟ್ಟ ಬ್ಯಾಲೆನ್ಸ್ ಚಕ್ರವನ್ನು ಅದರ ಜಾಗಕ್ಕೆ ಇಳಿಸುತ್ತಿದ್ದಳು. ಉಸಿರು ಬಿಗಿಹಿಡಿದಿದ್ದಳು. ಅವಳ ಉಸಿರು ಹೊರಬರುವವರೆಗೂ ಇವನೂ ಪರದೆ ಹಿಡಿದು ಅಲ್ಲೇ ನಿಂತ.

"ನೋಡಿದ್ದನ್ನ ಇಲ್ಲೇ ಬಿಟ್ಟು ಹೋಗಿ ಮೀಟರಣ್ಣ" ಎಂದಳು ಅವಳು. "ಅವರ ಕೈ ನಡುಗುತ್ತೆ. ನಾಲ್ಕು ವರ್ಷ ಆಯ್ತು."

"ಹಾಗಾದ್ರೆ ಎಲ್ಲಾ ನೀವೇನಾ ಮಾಡೋದು?"

"ಇನ್ಯಾರು, ನೀವಾ? ಹೆಂಗಸು ಕೈ ಹಾಕಿದ ವಾಚು ಅಂತ ಗೊತ್ತಾದ್ರೆ ಅರ್ಧ ಊರು ಈ ಕಡೆ ಬರಲ್ಲ. ಮಿಕ್ಕರ್ಧ ಬಂದು ಚೌಕಾಸಿ ಮಾಡುತ್ತೆ."

"ಒಂದು ಹೆಸರಾದ್ರೂ ಬೇಡವಾ ಅಮ್ಮಾ?"

"ಹಾಕಿದೀನಲ್ಲ, ಒಳಗಡೆ. ಮುಚ್ಚಳ ತೆಗೆಯೋನಿಗೆ ಗೊತ್ತಾದ್ರೆ ಸಾಕು."

ಮದುವೆಗೆ ಮುಂಚೆ ಅವಳು ಬಟ್ಟೆ ಹೊಲಿಯುತ್ತಿದ್ದವಳು. ಅದಕ್ಕೇ ಸೂಜಿ. ಹತ್ತೊಂಬತ್ತು ವರ್ಷ ಅವಳು ಆ ಪರದೆಯ ಹಿಂದೆ ಈ ಊರಿನ ಹೊತ್ತನ್ನು ರಿಪೇರಿ ಮಾಡಿದಳು. ಗಂಡ ನಡುಗುವ ಕೈಯನ್ನು ಮೇಜಿನ ಕೆಳಗಿಟ್ಟುಕೊಂಡು, ಕಣ್ಣಿಗೆ ಗಾಜು ಏರಿಸಿ, "ನಾಡಿದ್ದು ಬನ್ನಿ" ಎನ್ನುತ್ತಿದ್ದ. 'ಅವನ ಕೈಯೇ ಕೈ' ಎಂದು ಊರು ಹೊಗಳಿತು. ಅವನು ಸತ್ತಾಗ ಪತ್ರಿಕೆಯಲ್ಲಿ ಫೋಟೋ ಬಂತು. ಮೂರು ವರ್ಷ ಬಿಟ್ಟು ಅವಳು ಸತ್ತಳು. ಅಂಗಡಿಯ ಬಾಗಿಲು ಅರ್ಧ ದಿನ ಮುಚ್ಚಿತ್ತಂತೆ.

ಮೀಟರ್ ವಾಚು ಕೂಡಿಸಲು ಶುರುಮಾಡಿದ್ದು ಆಮೇಲೆ. ನಾನು ಓದಿಕೊಂಡವನು, ಇತಿಹಾಸ ಎಂದರೆ ಪುಸ್ತಕ, ಶಾಸನ, ದಾಖಲೆ ಎಂದು ನಂಬಿದವನು. ಒಬ್ಬ ಹೆಂಗಸಿನ ಹತ್ತೊಂಬತ್ತು ವರ್ಷದ ದುಡಿಮೆಗೆ ಇರುವ ಸಾಕ್ಷಿಯೆಲ್ಲ ಊರಿನ ಡ್ರಾಯರುಗಳಲ್ಲಿ ಕವುಚಿ ಬಿದ್ದಿದೆ ಎಂಬುದು ಹೊಳೆದದ್ದು ನನಗಲ್ಲ, ಅವನಿಗೆ.

ಒಮ್ಮೆ ಅವಳ ಮಗನಿಗೂ ತೋರಿಸಿದ. ಅದೇ ಅಂಗಡಿ ಈಗ ಎರಡಂತಸ್ತಿನ ಶೋರೂಮ್, ಮಗನೇ ಯಜಮಾನ. ಭೂತಗನ್ನಡಿ ಹಿಡಿಯುವುದಿರಲಿ, ಅವನು ಬಗ್ಗಿಯೂ ನೋಡಲಿಲ್ಲ. "ಅಮ್ಮ ಸಾಮಾನಿನ ಡಬ್ಬಿ ಎತ್ತಿ ಕೊಡ್ತಿದ್ರು, ಅಷ್ಟೇ. ನೀವು ಕಥೆ ಕಟ್ಟೋದ್ರಲ್ಲಿ ಗಟ್ಟಿ ಬಿಡಿ ಮೀಟರಣ್ಣ" ಎಂದು ನಕ್ಕನಂತೆ. ಮೀಟರ್ ಆ ದಿನ ನನ್ನ ಮನೆಗೆ ಬಂದು ಎರಡು ಲೋಟ ನೀರು ಕುಡಿದ. "ನೂರಾಗಲಿ ಕಣೋ. ನೂರು ಮುಚ್ಚಳ ಸಾಲಾಗಿ ಇಟ್ಟು ಕರೀತೀನಿ. ಆಗ ನಗಲಿ" ಎಂದ.

ನೂರಾಗಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನು ನನಗೆ ಹೇಳಿದ್ದ: "ಆ ವಾಚಿನ ಡಬ್ಬ ನಿನ್ನ ಮನೇಲಿ ಇಟ್ಕೋ. ಇವತ್ತೇ ತಗೊಂಡು ಹೋಗು." ಬದುಕಿರುವವನ ಸೊತ್ತು ಹೊತ್ತುಕೊಂಡು ಹೋಗಲು ನನಗೆ ಮನಸ್ಸಾಗಲಿಲ್ಲ. "ನೀನೇ ಎದ್ದು ಬಂದು ಕೊಡು" ಎಂದು ದೊಡ್ಡದಾಗಿ ಹೇಳಿದೆ. ಒಂಬತ್ತನೆಯ ದಿನ ಅವನು ಹೋದ. ಆಮೇಲೂ ದುಃಖದ ಮನೆಯಲ್ಲಿ ಡಬ್ಬ ಕೇಳುವುದು ಹೇಗೆಂದು ಮೂರು ವಾರ ಸುಮ್ಮನಿದ್ದೆ. ನನ್ನ ಸಿಟ್ಟಿನಲ್ಲಿ ನನ್ನ ಪಾಲೂ ಇದೆ. ಅದನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ.

ಕೊನೆಗೆ ಹೋದಾಗ ಅವನ ತಮ್ಮ ಖುಷಿಯಿಂದಲೇ ಬಾಗಿಲು ತೆರೆದ. ತಮ್ಮ ಬಡಗಿ, ಒಳ್ಳೆಯ ಕೆಲಸಗಾರ, ಅಣ್ಣನೆಂದರೆ ಪ್ರಾಣ.

"ಒಳ್ಳೆ ಹೊತ್ತಿಗೆ ಬಂದ್ರಿ ಅಣ್ಣ. ನೋಡಿ!"

ಗೋಡೆಗೆ ಒರಗಿಸಿದ ತೇಗದ ಚೌಕಟ್ಟು. ಅದರಲ್ಲಿ ನಲವತ್ತೊಂದು ಗುಂಡಿ, ಒಂದೊಂದನ್ನೂ ಆಯಾ ವಾಚಿನ ಅಳತೆಗೆ ತೋಡಿದ್ದ. ಇಪ್ಪತ್ತಾರರಲ್ಲಿ ವಾಚು ಕೂತಿದ್ದವು. ಹೊಸ ಸ್ಟೀಲ್ ಚಮಚದ ಹಾಗೆ ಹೊಳೆಯುತ್ತಿದ್ದವು. ಡಯಲ್‌ಗಳಿಗೆ ಹಾಲಿನಂಥ ಬಿಳಿ ಬಣ್ಣ, ಅಂಕಿಗಳೆಲ್ಲ ಒಂದೇ ಕೈಯವು. ಡ್ರೈವರಿನ ವಾಚು ಯಾವುದು, ಸೂಲಗಿತ್ತಿಯದು ಯಾವುದು, ನನಗೆ ಗುರುತೇ ಸಿಗಲಿಲ್ಲ.

"ಶೋರೂಮಿನವರು ದುಡ್ಡೇ ಮುಟ್ಟಲಿಲ್ಲ" ಎಂದ ತಮ್ಮ. "ಪಾಲಿಶ್ ಅವರದ್ದೇ, ಜಾಗಾನೂ ಅವರದ್ದೇ. ಬಾಗಿಲ ಎದುರಿಗೇ ಹಾಕ್ತಾರಂತೆ. ಅಣ್ಣನ ನೆನಪು ಊರೆಲ್ಲ ನೋಡುತ್ತೆ."

ಕೆಳಗೆ ಅವನೇ ಕೆತ್ತಿದ ಮರದ ಫಲಕ. ಶೋರೂಮಿನವನು ಬರೆದುಕೊಟ್ಟ ಮಾತು: 'ನಮ್ಮ ಸಂಸ್ಥಾಪಕರ ಕೈಚಳಕ.' ಸಂಸ್ಥಾಪಕ ಎಂದರೆ ಅವನ ಅಪ್ಪ. ಮೇಜಿನ ಕೆಳಗೆ ಕೈ ಇಟ್ಟುಕೊಂಡಿದ್ದ ಅಪ್ಪ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ನನ್ನ ಗೆಳೆಯನ ಹೆಸರು.

ಒಂದು ವಾಚು ತೆಗೆದು ಮುಚ್ಚಳ ಬಿಚ್ಚಿದೆ. ಒಳಮೈಯಲ್ಲಿ ನನ್ನ ಮುಖ ಕಂಡಿತು. ಮತ್ತೇನೂ ಇರಲಿಲ್ಲ. ಎರಡನೆಯದು, ಮೂರನೆಯದು, ಎಂಟನೆಯದು. ಎಲ್ಲ ಕನ್ನಡಿ.

"ಮಿಕ್ಕ ಹದಿನೈದು ಎಲ್ಲಿ?"

"ಅಂಗಡೀಲಿ. ನಾಳೆ ಸಾಣೆಗೆ ಹಾಕ್ತಾರೆ."

ಐವತ್ತೆಂಟರ ವಯಸ್ಸಿನಲ್ಲಿ ನಾನು ನಡುಬೀದಿಯಲ್ಲಿ ಓಡಿದೆ.

ಶೋರೂಮಿನವನು ಗಾಜು ಒರೆಸುತ್ತಾ ನಿಂತಿದ್ದ. "ಬನ್ನಿ ಸಾರ್. ನೋಡಿದ್ರಾ? ಮುದುಕರನ್ನೆಲ್ಲ ಮದುಮಕ್ಕಳು ಮಾಡಿ ಕೊಟ್ಟಿದೀನಿ."

"ಮುಚ್ಚಳದ ಒಳಗಡೆಗೂ ಸಾಣೆ ಹಿಡಿದ್ರಾ?"

"ಒಳಗೂ ಹೊರಗೂ. ಮೇಲೆ ಥಳಕು ಒಳಗೆ ಹುಳುಕು, ಆ ಥರದ ಕೆಲಸ ನಮ್ಮಲ್ಲಿಲ್ಲ."

"ಅಲ್ಲಿ ಗುರುತಿತ್ತು."

"ಗೀಚು ಸಾರ್ ಅದು. ಹಳೇ ರಿಪೇರಿಯವರ ಚಾಳಿ."

"ನಿಮ್ಮ ತಾಯಿಯದು."

ಅವನು ಒರೆಸುವ ಬಟ್ಟೆಯನ್ನು ಮಡಚಿದ. ಮಡಚಿದ್ದನ್ನೇ ಮತ್ತೆ ಮಡಚಿದ. "ನಮ್ಮಮ್ಮ ಅಂಗಡಿಗೆ ಬರ್ತಿದ್ದದ್ದು ಅಪ್ಪಂಗೆ ಊಟ ಕೊಡೋಕೆ" ಎಂದ. ಆಮೇಲೆ, ನನಗೆ ಉಪಕಾರ ಮಾಡುವವನ ಹಾಗೆ, "ಅಷ್ಟೊಂದು ಬೇಜಾರಾದ್ರೆ ಒಂದು ಚೀಟೀಲಿ ಆ ಗುರುತು ಬರೆದು ಕೊಡಿ. ಒಳಗೆ ಮೆಷಿನ್ ಇದೆ. ಇಪ್ಪತ್ತಾರಕ್ಕೂ ಅರ್ಧ ಗಂಟೇಲಿ ಹೊಡೆಸಿಬಿಡ್ತೀನಿ. ಮೊದಲಿಗಿಂತ ನೀಟಾಗಿ ಬರುತ್ತೆ."

ಕೈ ಎತ್ತದೆ ಹೇಗೆ ಉಳಿದೆನೋ ತಿಳಿಯದು. ಅವನಿಗೆ ನಿಜವಾಗಿ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಉಜ್ಜಿಸಿದನೋ, ಇವತ್ತಿಗೂ ನಾನು ಹೇಳಲಾರೆ. ಎರಡರಲ್ಲಿ ಯಾವುದು ನಿಜವಾದರೂ ಅವಳ ಪಾಲಿಗೆ ಒಂದೇ. ಬದುಕಿದ್ದಾಗ ಪರದೆ, ಸತ್ತ ಮೇಲೆ ಸಾಣೆ. ಮೆಷಿನ್ನಿನ ಪಕ್ಕ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಹದಿನೈದೂ ಇದ್ದವು. ಬುಟ್ಟಿಯನ್ನೇ ಎತ್ತಿಕೊಂಡು ಹೊರಟೆ. "ರಸೀತಿ ಇಲ್ದೆ ಹೇಗೆ ಸಾರ್?" ಎಂದು ಅವನು ಹಿಂದಿನಿಂದ ಕೂಗಿದ. ರಸೀತಿ!

ಮರುದಿನ ಬೆಳಿಗ್ಗೆ ಗೆಳೆಯನ ತಮ್ಮ ನನ್ನ ಮನೆಗೆ ಬಂದ. ಶೋರೂಮಿನವನು ಕಳಿಸಿದ್ದ.

"ಏನಣ್ಣ ಇದು? ಹದಿನೈದು ಗುಂಡಿ ಖಾಲಿ ಬಿಟ್ಟು ನೇತು ಹಾಕಿದ್ರೆ ಹಲ್ಲುದುರಿದ ಬಾಯಿ ಥರ ಕಾಣುತ್ತೆ. ಕೊಟ್ಟುಬಿಡಿ. ಅಣ್ಣನ ಕೆಲಸ ಅರ್ಧಕ್ಕೆ ನಿಲ್ಲಬಾರದು."

ನಾನು ಭೂತಗನ್ನಡಿ ಅವನ ಕೈಗಿತ್ತೆ. ಮುಚ್ಚಳ ಬಿಚ್ಚಿ ಮುಂದಿಟ್ಟೆ. ಅವನು ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ, ಕಿಟಕಿಯ ಹತ್ತಿರ ಹೋಗಿ ಮೂರನೆಯದನ್ನು ನೋಡಿದ. ಆಗ ಪರದೆಯ ಹಿಂದಿನ ಕಥೆ ಹೇಳಿದೆ. ಅಣ್ಣ ತಮ್ಮನಿಗೆ ಅದನ್ನು ಹೇಳಿಯೇ ಇರಲಿಲ್ಲ. ಇಲ್ಲೇ ಬಿಟ್ಟು ಹೋಗಿ ಎಂದು ಅವಳು ಹೇಳಿದ್ದ ಮಾತನ್ನು ಅವನು ಸುಮಾರಾಗಿ ಪಾಲಿಸಿದ್ದ.

"ನಾವೂ ಗುರುತು ಹಾಕ್ತೀವಿ" ಎಂದ ತಮ್ಮ. "ಕುರ್ಚಿ ತಳದಲ್ಲಿ, ಕೂಡು ಬರೋ ಕಡೆ. ಯಾರೂ ನೋಡಲ್ಲ ಅಂತ ಗೊತ್ತಿದ್ರೂ." ಮತ್ತೆ ಕೇಳಿದ, "ಹಾಗಾದ್ರೆ ಆ ಇಪ್ಪತ್ತಾರು?"

"ಹೋಯ್ತು."

ಅವನು ಅಳಲಿಲ್ಲ, ನನ್ನ ಕ್ಷಮೆಯನ್ನೂ ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ನೇರ ಶೋರೂಮಿಗೆ ಹೋದ. ಬೆಳಿಗ್ಗೆ ಶೋರೂಮಿನವರು ಒಯ್ದಿದ್ದ ಚೌಕಟ್ಟು ಆ ಹೊತ್ತಿಗಾಗಲೇ ಅಲ್ಲಿನ ಗೋಡೆ ಏರಿತ್ತು. ಇದ್ದ ಗಿರಾಕಿಗಳ ಎದುರೇ ತಾನು ಕೆತ್ತಿದ ಫಲಕದ ಸ್ಕ್ರೂ ಬಿಚ್ಚಿ, ಕಂಕುಳಲ್ಲಿ ಇಟ್ಟುಕೊಂಡು ಬಂದನಂತೆ. ಚೌಕಟ್ಟು ಬಿಡಿಸಿಕೊಳ್ಳಲು ಆಗಲಿಲ್ಲ. ಕೊಟ್ಟದ್ದು ಕೊಟ್ಟಾಯಿತು ಎಂದು ಯಜಮಾನ ಅಡ್ಡ ನಿಂತ. ಈಗ ಅಲ್ಲಿ ಪ್ಲಾಸ್ಟಿಕ್ಕಿನ ಬೇರೆ ಬೋರ್ಡು ಬಂದಿದೆ, ಅದೇ ಮಾತು, ಇನ್ನೂ ದಪ್ಪ ಅಕ್ಷರದಲ್ಲಿ. ಖಾಲಿ ಗುಂಡಿಗಳಿಗೆ ಹೊಸ ವಾಚು ಕೂರಿಸಿ ಬೆಲೆಯ ಚೀಟಿ ಅಂಟಿಸಿದ್ದಾರೆ. ಜನ ನೋಡುತ್ತಾರೆ, ಆಹಾ ಎನ್ನುತ್ತಾರೆ.

ಗೆಳೆಯ ಒಂದು ನೋಟುಬುಕ್ಕು ಇಟ್ಟಿದ್ದ, ಅದರಲ್ಲಿ ನಲವತ್ತೊಂದರ ವಿವರವೂ ಇದೆ. ಆದರೆ ಅದನ್ನು ತೋರಿಸಿದರೆ 'ಮೀಟರಣ್ಣ ಕಥೆ ಕಟ್ಟೋದ್ರಲ್ಲಿ ಗಟ್ಟಿ' ಎನ್ನುತ್ತಾರೆ. ನೋಟುಬುಕ್ಕಿನಲ್ಲಿರುವುದು ಅವನ ಮಾತು. ಅವಳ ಕೈ ಇರುವುದು ಈ ಹದಿನೈದು ಮುಚ್ಚಳಗಳಲ್ಲಿ ಮಾತ್ರ.

ಹದಿನೈದೇ ಎಂದು ನಾನು ಒಪ್ಪುವುದಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಸಾವಿರಾರು ವಾಚು ಅವಳ ಚಿಮಟದ ಕೆಳಗೆ ಹಾದುಹೋಗಿವೆ. ಇದನ್ನು ಓದುವ ನಿಮ್ಮ ಅಜ್ಜನದೋ ಸೋದರತ್ತೆಯದೋ ಒಂದು ಎಲ್ಲೋ ಬಿದ್ದಿರುತ್ತದೆ. ಹುಡುಕಿ. ಬಿಚ್ಚಲು ಬರದಿದ್ದರೆ ನನ್ನ ಬಳಿಗೆ ತನ್ನಿ, ನಾನೂ ಬಡಗಿಯೂ ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇವೆ. ತುಕ್ಕು ಹಿಡಿದಿದ್ದರೆ ಹಾಗೇ ಇರಲಿ, ಗಾಜು ಒಡೆದಿದ್ದರೂ ಇರಲಿ. ದಯವಿಟ್ಟು ಒರೆಸಿ ಮಾತ್ರ ತರಬೇಡಿ.