‘ಮತ್ತು ಸಂಗಡಿಗರು’

ಆಳಂದದ ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಹಿಟ್ಟಿನ ಗಿರಣಿ ಇನ್ನೂ ಬಾಗಿಲು ತೆರೆದಿಲ್ಲ. ಲಾಲಸಾಬರಿಗೆ ಬೇಕಾಗಿರುವುದೂ ಅದೇ. ಗಿರಣಿ ಶುರುವಾದರೆ ಕರೆಂಟು ಕುಸಿಯುತ್ತದೆ, ಕರೆಂಟು ಕುಸಿದರೆ ಹಳೆಯ ಟೇಪು ನುಡಿಸುವ ಸ್ಪೂಲ್ ಯಂತ್ರ ಕುಂಟುತ್ತದೆ, ಯಂತ್ರ ಕುಂಟಿದರೆ ಎಂಥ ಹಾಡುಗಾರರ ದನಿಯೂ ನಿದ್ದೆಗಣ್ಣಲ್ಲಿ ಎದ್ದು ಕೂತವರ ದನಿಯಾಗುತ್ತದೆ. ಹಾಗಾಗಿ ನಸುಕಿನ ಫಜರ್ ನಮಾಜು ಮುಗಿದದ್ದೇ ತಡ, ಅವರು ನೇರ ಇಲ್ಲಿಗೆ ಬರುತ್ತಾರೆ. ಗಿರಣಿ ಪಕ್ಕದ ಮೊಬೈಲ್ ಅಂಗಡಿಯ ಗಾಜಿನ ಕಪಾಟುಗಳ ನಡುವೆ ಅಡ್ಡಡ್ಡ ನುಸುಳಿ ಹಿಂದಿನ ಕೋಣೆ ಸೇರುತ್ತಾರೆ. ಹತ್ತಿಗೆ ಸ್ಪಿರಿಟ್ ಹಚ್ಚಿ ಯಂತ್ರದಲ್ಲಿ ಟೇಪು ತಾಗಿ ಸಾಗುವ ಹೆಡ್ ಒರೆಸುತ್ತಾರೆ. ಕಂದು ಪುಡಿ ಉದುರುತ್ತದೆ. ಅದು ಧೂಳಲ್ಲ, ಹಾಡೇ ಉದುರುತ್ತಿರುವುದು. ಟೇಪು ತಿರುಗಿದಷ್ಟೂ ಸವೆಯುತ್ತದೆ.

“ಗಿರಣಿ ಸುರು ಆಗೂದ್ರೊಳಗ ಎರಡು ಪದ ಫೋನಿಗೆ ಇಳಿಸ್ಕೋಬೇಕ್ರಿ. ಆಮ್ಯಾಲೆ ಈ ಮಶೀನು ನನ್ನ ಮಾತು ಕೇಳಂಗಿಲ್ಲ,” ಎನ್ನುತ್ತಾರೆ. ಅರವತ್ತೆಂಟರ ಲಾಲಸಾಬರಿಗೆ ಈ ಕೆಲಸಕ್ಕೆ ಈಗ ಯಾರೂ ಸಂಬಳ ಕೊಡುವುದಿಲ್ಲ. ಕೊಡುತ್ತಿದ್ದ ಕಂಪನಿಯೇ ಇಲ್ಲ. ಹೊಟ್ಟೆಪಾಡಿಗೆ ಮಧ್ಯಾಹ್ನದಿಂದ ಮಿಕ್ಸರು, ಫ್ಯಾನು ರಿಪೇರಿ ಮಾಡುತ್ತಾರೆ. ಬೆಳಗಿನ ಈ ಹೊತ್ತು ಮಾತ್ರ ಅಮರ್ಜಾ ಆಡಿಯೋದ್ದು.

ಅಮರ್ಜಾ ಆಡಿಯೋ ಎಂದರೆ ಈ ಸೀಮೆಯ ನಡುವಯಸ್ಸಿನವರು ಒಂದಾದರೂ ಪದ ಗುನುಗುತ್ತಾರೆ. ಬಿತ್ತನೆ ಬೀಜದ ವ್ಯಾಪಾರಿ ಕಲ್ಲಿನಾಥಪ್ಪ ಕಟ್ಟಿದ ಪುಟ್ಟ ಕ್ಯಾಸೆಟ್ ಕಂಪನಿ ಅದು. ಹೊಸ ಹಾಡಿನ ಗೊಡವೆಗೆ ಅವರು ಹೋದವರಲ್ಲ. ಊರೂರ ಮೇಷ್ಟರ ಮನೆ, ಗುಡಿ, ಮುಚ್ಚಿದ ಟೆಂಟ್ ಟಾಕೀಸು ಸುತ್ತಿ, ಯಾರೋ ಯಾವಾಗಲೋ ಸ್ಪೂಲಿನಲ್ಲಿ ಹಿಡಿದಿಟ್ಟು ಮರೆತ ತತ್ವಪದ, ಮೊಹರಂ ಪದಗಳನ್ನು ತಂದು, ತೊಳೆದು ಬಳಿದು, ಮತ್ತೆ ಜನರ ಕೈಗಿಡುತ್ತಿದ್ದರು. ಮಾಲು ಮುಗಿದರೆ ಎರಡನೇ ಸಲ, ಮೂರನೇ ಸಲ ಹೊರಡಿಸುತ್ತಿದ್ದರು. ಕವರಿಗೆ ಅವರು ‘ಅಂಗಿ’ ಎನ್ನುತ್ತಿದ್ದರು. ಪ್ರತಿ ಸಲವೂ ಹಾಡಿಗೆ ಹೊಸ ಅಂಗಿ ಹೊಲಿಸಬೇಕೆಂಬುದು ಅವರ ಹಟ.

ಆ ತೊಳೆದು ಬಳಿಯುವ ಕೈ ಲಾಲಸಾಬರದು. ಕ್ಯಾಸೆಟ್ಟಿನ ಚೀಲ ಹೊತ್ತು ಅಫಜಲಪುರ, ಜೇವರ್ಗಿ ಬಸ್ಸು ಹತ್ತುವ ಹೆಗಲೂ ಅವರದೇ. ಸಂಜೆ ಖಾಲಿ ಚೀಲ ಮಡಚಿ ಬಗಲಲ್ಲಿಟ್ಟುಕೊಂಡು ಮರಳುತ್ತಿದ್ದರಂತೆ. ಯಾವ ಕ್ಯಾಸೆಟ್ಟಿನ ಮೇಲೂ ಅವರ ಹೆಸರಿಲ್ಲ. ಅದರ ಬಗ್ಗೆ ಕೇಳಿದರೆ ನಗುತ್ತಾರೆ. ಅವರನ್ನು ಕಾಡುವುದು ಬೇರೆ ಒಂದು ಹೆಸರು.

ನಿಂಬರ್ಗಾದ ದೊಡ್ಡಪ್ಪ ಎಂಬವರು ಮತ್ತು ಅವರ ತಂಗಿ ಗೌರಾಬಾಯಿ ಒಂದೇ ಭಜನಾ ಮೇಳದವರು. ಅಣ್ಣನದು ಏಕತಾರಿ, ತಂಗಿಯದು ದನಿ. ಊರಿನ ಶಾಲೆಯ ಮೇಷ್ಟರೊಬ್ಬರು ಹಿಡಿದಿಟ್ಟಿದ್ದ ಅವರ ಪದಗಳು ಕಲ್ಲಿನಾಥಪ್ಪನವರ ಕೈಗೆ ಬಂದವು. ಗೌರಾಬಾಯಿ ಆಗ ಸರಸಂಬಾದ ಸೊಸೆ. ಸೊಸೆಯ ಹೆಸರನ್ನು ಸಂತೆಯಲ್ಲಿ ಮಾರುವುದೇ ಎಂದು ಅತ್ತೆಯ ಮನೆಯವರು ಕೆಂಡವಾದರು. ಕಲ್ಲಿನಾಥಪ್ಪ ಜಗಳದ ಮನುಷ್ಯರಲ್ಲ. ‘ಗಾಯನ: ದೊಡ್ಡಪ್ಪ ಮತ್ತು ಸಂಗಡಿಗರು’ ಎಂದು ಅಚ್ಚು ಹಾಕಿಸಿ ಕೈತೊಳೆದುಕೊಂಡರು. ಕ್ಯಾಸೆಟ್ಟು ಬಿಸಿ ಮಿರ್ಚಿ ಭಜಿಯಂತೆ ಖರ್ಚಾಯಿತು. ಹಾಡಿದಾಕೆ ‘ಸಂಗಡಿಗರು’ ಎಂಬ ಪದದೊಳಗೆ ಸೇರಿಹೋದಳು.

ಹಲವು ವರ್ಷಗಳ ನಂತರ ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಲಾಲಸಾಬರು ಗೌರಾಬಾಯಿಯನ್ನು ಕಂಡರು. ಎದುರಿನ ಹೋಟೆಲಿನಲ್ಲಿ ಅದೇ ಕ್ಯಾಸೆಟ್ಟು ಹಾಡುತ್ತಿತ್ತು. ಚಹಾ ಕುಡಿಯುತ್ತಿದ್ದ ಒಬ್ಬರು ತಲೆದೂಗಿ, “ಏನ್ ದನಿ ಅದ ಈ ದೊಡ್ಡಪ್ಪಂದು. ಥೇಟ್ ಹೆಣ್ಮಕ್ಕಳು ಹಾಡಿದಂಗ,” ಎಂದರು. ಗೌರಾಬಾಯಿ ಸೆರಗು ಬಾಯಿಗಿಟ್ಟು ನಕ್ಕರಂತೆ. ನಗು ನಿಂತ ಮೇಲೆ ಲಾಲಸಾಬರ ಕಡೆ ತಿರುಗಿದರು.

“ತಮ್ಮಾ, ಅತ್ತಿ ಮಾವ ಈಗಿಲ್ಲ. ಅಂಜೂದು ಯಾರಿಗೆ? ಮುಂದಿನ ಸಲ ಛಾಪಿಸೂಮುಂದ ನನ್ನ ಹೆಸರು ಹಾಕ್ಸು. ಸಣ್ಣ ಅಕ್ಷರದಾಗ ಇದ್ರೂ ನಡೀತದ.”

“ಹಾಕ್ಸತೇನಿ ಅಕ್ಕಾ. ಮುಂದಿನ ಸಲ ನಿಮ್ಮ ಹೆಸರೇ ಮ್ಯಾಲೆ,” ಎಂದು ಲಾಲಸಾಬರು ಮಾತು ಕೊಟ್ಟರು. ಕಲ್ಲಿನಾಥಪ್ಪನವರೂ ಹೂಂ ಅಂದಿದ್ದರು. ಮುಂದಿನ ಸಲ ಬರಲೇ ಇಲ್ಲ. ಮೊದಲು ಸಿ.ಡಿ. ಬಂತು, ಆಮೇಲೆ ಮೆಮೊರಿ ಕಾರ್ಡು. ನೂರಾರು ಹಾಡು ಒಂದೇ ಉಗುರಿನಷ್ಟು ಜಾಗದಲ್ಲಿ ತುಂಬಿಸಿಕೊಡುವ ಅಂಗಡಿಗಳು ಬಂದವು. ಅದಕ್ಕೆ ಕವರೂ ಇಲ್ಲ, ಹೆಸರೂ ಇಲ್ಲ. ಕೊನೆಯ ಬಾರಿ ಅಚ್ಚಾದ ಕ್ಯಾಸೆಟ್ಟುಗಳು ಗೋದಾಮಿನಲ್ಲಿ ಬೂಷ್ಟು ಹಿಡಿದವು. ಒಂದು ದಿನ ಕಲ್ಲಿನಾಥಪ್ಪನವರೂ ತೀರಿಕೊಂಡರು.

ಮಗ ಸಂತೋಷಕುಮಾರ ಕೆಟ್ಟವನಲ್ಲ. ಅಂಗಡಿಯನ್ನು ಮೊಬೈಲಿನದಾಗಿ ಮಾಡಿದರೂ ಹಿಂದಿನ ಕೋಣೆಯ ಕೀಲಿಯನ್ನು ಲಾಲಸಾಬರ ಬಳಿಯೇ ಬಿಟ್ಟಿದ್ದಾನೆ. ಆದರೆ ತಂದೆಯ ಹಾಡುಗಳ ಹಕ್ಕನ್ನೆಲ್ಲ ದೂರದ ಊರಿನ ಕಂಪನಿಯೊಂದಕ್ಕೆ ಬರೆದುಕೊಟ್ಟ. ಅವರು ಹಳೆಯ ಕವರುಗಳನ್ನು ನೋಡಿ, ಅದರಲ್ಲಿದ್ದಂತೆಯೇ ಹೆಸರಿಟ್ಟು, ಎಲ್ಲವನ್ನೂ ಇಂಟರ್ನೆಟ್ಟಿಗೆ ಏರಿಸಿದರು. ಈಗ ಜಗತ್ತಿನ ಯಾವ ಮೂಲೆಯಲ್ಲಿ ಕೇಳಿದರೂ ಆ ದನಿ ದೊಡ್ಡಪ್ಪನದು.

ಲಾಲಸಾಬರ ಒತ್ತಾಯಕ್ಕೆ ಸಂತೋಷಕುಮಾರ ಕಂಪನಿಗೆ ಪತ್ರವನ್ನೂ ಕಳಿಸಿದ. ಗಾಯಕಿಯ ಹೆಸರು ಅಚ್ಚಾದ ಕವರೊಂದನ್ನು ತೋರಿಸಿದರೆ ಬದಲಿಸುತ್ತೇವೆ ಎಂದು ಉತ್ತರ ಬಂತು. “ಹೆಸರು ಇಲ್ಲ ಅಂತ ನಾವು ಅಳಾಕತ್ತೀವಿ. ಹೆಸರು ಇರೂ ಕವರು ತೋರ್ಸ್ರಿ ಅಂತಾರ್ರಿ ಅವರು,” ಎಂದು ಲಾಲಸಾಬರು ಕೈ ಚೆಲ್ಲುತ್ತಾರೆ. ಒಂದು ಕವರು ಹೊಸದಾಗಿ ಛಾಪಿಸಿ, ಹಳೆಯದೆಂದು ಕಳಿಸಿಬಿಡಿ ಚಾಚಾ ಎಂದು ಸಂತೋಷಕುಮಾರನೇ ಸಲಹೆ ಕೊಟ್ಟ. ಲಾಲಸಾಬರು ಒಪ್ಪಲಿಲ್ಲ. ಖರೇ ಹೆಸರನ್ನು ಸುಳ್ಳು ಕಾಗದದ ಮೇಲೆ ಹಾಕಲು ಅವರಿಗೆ ಮನಸ್ಸಿಲ್ಲ.

ಹೆಂಡತಿ ಶಮ್ಸುನ್ನಿಸಾಗೆ ಈ ಹುಚ್ಚು ಹಳೆಯದು. “ಮನಿಯಾಗ ನಾ ಹತ್ತು ಸಲ ಕರದ್ರೂ ಇವರಿಗಿ ಕೇಳಂಗಿಲ್ರಿ. ಟೇಪಿನಾಗ ಯಾರರೆ ಕೆಮ್ಮಿದ್ರ ಸಾಕು, ಎದ್ದು ಕುಂಡರ್ತಾರ,” ಎಂದು ಹಂಗಿಸುತ್ತಾರೆ. ಹಂಗಿಸುತ್ತಲೇ ಬೆಳಗಿನ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಕಳಿಸುತ್ತಾರೆ.

ಆ ಕೆಮ್ಮಿನ ಮಾತು ಸುಮ್ಮನೆ ಬಂದದ್ದಲ್ಲ. ಹಾಡಿನ ಮೊದಲು, ಹಾಡಿನ ನಂತರ ಇರುವ ಕೆಮ್ಮು, ಕರೆಯುವುದು, ನಗುವುದು, ನೀರು ಕೊಡ್ರಿ ಎನ್ನುವುದು, ಇದನ್ನೆಲ್ಲ ಬ್ಲೇಡಿನಿಂದ ಕತ್ತರಿಸಿ ತೆಗೆದು, ಟೇಪಿನ ತುದಿಗಳನ್ನು ಅಂಟಿಸುವುದೇ ಲಾಲಸಾಬರ ಕಸುಬಾಗಿತ್ತು. ಕಲ್ಲಿನಾಥಪ್ಪನವರು ಅದನ್ನು ‘ಹೊಟ್ಟು’ ಎನ್ನುತ್ತಿದ್ದರು. ತೊಗರಿಯ ನಾಡಿನವರಿಗೆ ಆ ಮಾತು ಸಲೀಸು. ಹೊಟ್ಟು ತೂರಿ ಕಾಳು ಮಾತ್ರ ಮಾರಬೇಕು. ದಿನವೂ ಸಂಜೆ ಕೋಣೆ ಗುಡಿಸಿದಾಗ ಕಸದ ಜೊತೆ ಟೇಪಿನ ಚೂರುಗಳೂ ಹೊರಗೆ ಹೋಗುತ್ತಿದ್ದವು.

ಕಳೆದ ಚಳಿಗಾಲದಲ್ಲಿ, ನಿಂಬರ್ಗಾದ ಆ ಮೇಷ್ಟರ ಹಳೆಯ ಮನೆ ಕೆಡವುವಾಗ ಇನ್ನೊಂದು ಸ್ಪೂಲು ಸಿಕ್ಕಿತು. ಯಾರೋ ಪುಣ್ಯಾತ್ಮರು ತಂದು ಕೊಟ್ಟರು. ಕಂಪನಿ ನಡೆಯುತ್ತಿದ್ದ ಕಾಲದಲ್ಲಿ ಬಂದಿದ್ದರೆ ಅದಕ್ಕೂ ಬ್ಲೇಡು ತಾಗುತ್ತಿತ್ತು. ಕಂಪನಿ ಮುಚ್ಚಿದ್ದರಿಂದ ಅದು ಇಡಿಯಾಗಿ ಉಳಿದಿತ್ತು. ಗಿರಣಿ ಏಳುವ ಮುಂಚೆ ಲಾಲಸಾಬರು ಅದನ್ನು ತಿರುಗಿಸಿದರು. ಏಕತಾರಿ ಶ್ರುತಿ ಹಿಡಿಯುವ ಸದ್ದು. ಯಾವುದೋ ಕರುವಿನ ಕೂಗು. ಆಮೇಲೆ ಒಬ್ಬ ಗಂಡಸಿನ ದನಿ: “ಗೌರಾ, ನೀ ಹಿಡಿ. ನಾ ಹಿಂದಿರ್ತೇನಿ.” ಮರುಕ್ಷಣವೇ ಆ ತೆಳ್ಳನೆಯ ಎತ್ತರದ ದನಿ ಪದ ಎತ್ತಿಕೊಂಡಿತು.

ಲಾಲಸಾಬರು ಯಂತ್ರ ನಿಲ್ಲಿಸಿ, ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದರು. ಹೊಟ್ಟೆಂದು ತಮ್ಮ ಕೈಯಾರೆ ಗುಡಿಸಿ ಹಾಕಿದ್ದರಲ್ಲಿ ಇಂಥವು ಎಷ್ಟಿದ್ದವೋ ಎಂಬ ನೋವು ಅವರನ್ನು ಇಂದಿಗೂ ಬಿಟ್ಟಿಲ್ಲ. “ಕವರಿನ ಮ್ಯಾಲೆ ಇರಲಾರದ ಹೆಸರು ಟೇಪಿನಾಗ ಇತ್ತು ನೋಡ್ರಿ,” ಎನ್ನುತ್ತಾರೆ. ಅದನ್ನು ಹಾಡಿನ ಹಕ್ಕು ಪಡೆದ ಆ ದೂರದ ಕಂಪನಿಗೆ ಕಳಿಸಿದರು. ಅಚ್ಚಾದ ಕವರೇ ಬೇಕು ಎಂಬ ಹಳೆಯ ಉತ್ತರವೇ ಮತ್ತೆ ಬಂತು.

ಆಗ ಅವರು ಆ ಪದವನ್ನು ಫೋನಿಗೆ ಹಾಕಿಕೊಂಡು ನಿಂಬರ್ಗಾದ ಬಸ್ಸು ಹತ್ತಿದರು. ಗಂಡ ತೀರಿದ ಮೇಲೆ ಗೌರಾಬಾಯಿ ತವರಿನಲ್ಲೇ, ಸೋದರಳಿಯನ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ. ಹಾಡುವ ದನಿ ಹೋಗಿ ವರ್ಷಗಳಾಗಿವೆ. ಅಣ್ಣ ದೊಡ್ಡಪ್ಪ ತೀರಿಕೊಂಡೂ ಬಹಳ ಕಾಲವಾಗಿದೆ. ಫೋನನ್ನು ಆಕೆಯ ಕಿವಿಯ ಹತ್ತಿರ ಹಿಡಿದಾಗ, ಅಣ್ಣ ಕರೆದದ್ದು ಕೇಳಿ ಮುದುಕಿ ಬಾಗಿಲ ಕಡೆ ತಿರುಗಿ “ಬಂದೆ” ಎಂದರಂತೆ. ಆಮೇಲೆ ಪದ ಶುರುವಾಯಿತು. ತಮ್ಮದೇ ಪದವನ್ನು ಅವರು ಕೇಳಿಸಿಕೊಳ್ಳಲಿಲ್ಲ.

“ಪದ ಬ್ಯಾಡ ತಮ್ಮಾ. ಅಣ್ಣ ಕರದದ್ದಷ್ಟು ಮತ್ತ ಹಚ್ಚು. ಆಂವ ಮಾತಾಡಿದ್ದು ನನ್ನ ಹತ್ರ ಒಂದೂ ಇರ್ಲಿಲ್ಲ.”

ಲಾಲಸಾಬರು ಹಚ್ಚಿದರು. ಮತ್ತೆ ಮತ್ತೆ ಹಚ್ಚಿದರು. ಆಕೆ ಕಣ್ಣೊರೆಸಿಕೊಂಡು ಚಹಾ ತರಿಸಿದ ಮೇಲೆ, ಎದೆಯ ಮೇಲಿದ್ದ ಭಾರವನ್ನು ಇಳಿಸಿಬಿಟ್ಟರು. ಕಂಪನಿ ಇಲ್ಲ, ಇನ್ನು ಯಾರೂ ಛಾಪಿಸುವುದಿಲ್ಲ, ಕೊಟ್ಟ ಮಾತು ನಡೆಸಲು ಆಗಲಿಲ್ಲ, ಮಾಫ್ ಮಾಡ್ರಿ ಅಕ್ಕಾ ಎಂದರು. ಗೌರಾಬಾಯಿ ಅವರ ಕೈ ಹಿಡಿದು ಸಮಾಧಾನ ಹೇಳಿದರಂತೆ. ಬಸ್ಸಿನಲ್ಲಿ ಮರಳುವಾಗ ಆ ಸಮಾಧಾನದ ಮಾತೇ ತಮ್ಮನ್ನು ಹೆದರಿಸಿತು ಎನ್ನುತ್ತಾರೆ ಲಾಲಸಾಬರು. ಇಷ್ಟು ಹೇಳುವಷ್ಟರಲ್ಲಿ ಪಕ್ಕದ ಗಿರಣಿ ಶುರುವಾಗಿದೆ. ಯಂತ್ರದ ಗುಂಡಿ ಒತ್ತಿ ನಿಲ್ಲಿಸಿ, ಟೇಪಿನ ತುದಿಯನ್ನು ಬೆರಳಲ್ಲಿ ಹಿಡಿದುಕೊಂಡೇ ಹೇಳುತ್ತಾರೆ:

“‘ಹಾಡಿದಾಕಿ ನಾ ಅಂತ ನಿನಗ ಗೊತ್ತದಲ್ಲ ತಮ್ಮಾ, ನೀ ಇರೂತನಾ ಅಷ್ಟು ಸಾಕು’ ಅಂದ್ಳ್ರಿ. ನಾ ಎಷ್ಟು ದಿನ ಇರ್ತೇನ್ರಿ?”