ಫೋನ್ ಬರುವ ಹೊತ್ತು

ನನ್ನ ಮೇಜಿನ ಮೇಲೆ ಒಂದು ಹಾಳೆ ಇದೆ. ನಿನ್ನೆ ಆಫೀಸಿನ ಪ್ರಿಂಟರ್‌ನಲ್ಲಿ ತೆಗೆದ ಒಂದು ರೆಸ್ಯೂಮ್. ಪ್ರತಿ ಸಾಲೂ ಅರ್ಧಕ್ಕೇ ಮುರಿದು ಕೆಳಗಿಳಿದಿದೆ. ಬಲಗಡೆ ಅರ್ಧ ಹಾಳೆ ಖಾಲಿ. ಬೇರೆ ಯಾರಾದರೂ ನೋಡಿದ್ದರೆ ಕಂಪ್ಯೂಟರ್ ಬಾರದವರು ಮಾಡಿದ್ದೆಂದು ಬದಿಗಿಡುತ್ತಿದ್ದರು. ನನಗೆ ಆ ಮುರಿದ ಸಾಲುಗಳಲ್ಲಿ ಟೈಪ್‌ರೈಟರಿನ ಗಂಟೆ ಕೇಳಿಸಿತು. ಗಂಟೆ ಹೊಡೆದರೆ ಸಾಲು ಮುಗಿಸಿ ಕೆಳಗಿಳಿಯಬೇಕು ಎಂದು ವರ್ಷಗಟ್ಟಲೆ ಕಲಿಸಿದ ಕೈ ಅದು. ಹೆಸರಿನ ಕೆಳಗೆ ಏಳು ಅಂಕಿಯ ಫೋನ್ ನಂಬರ್. ಒಂದು ಕಾಲಕ್ಕೆ ನನ್ನ ರೆಸ್ಯೂಮಿನಲ್ಲಿದ್ದದ್ದೂ ಅದೇ ನಂಬರ್.

ನಾನು ಕೆಲಸ ಮಾಡುವುದು ಜೆ.ಪಿ. ನಗರದ ಒಂದು ಪ್ಲೇಸ್‌ಮೆಂಟ್ ಕಚೇರಿಯಲ್ಲಿ. ಕಂಪನಿಗಳು ತಮಗೆ ಎಂಥವರು ಬೇಕೆಂದು ಹೇಳುತ್ತವೆ. ನಾವು ಜಾಬ್ ವೆಬ್‌ಸೈಟಿಗೆ ವರ್ಷದ ಚಂದಾ ಕಟ್ಟಿ, ಅದರೊಳಗಿನ ಲಕ್ಷಾಂತರ ರೆಸ್ಯೂಮ್‌ಗಳಲ್ಲಿ ಅಂಥವರನ್ನು ಹುಡುಕಿ ಕೊಡುತ್ತೇವೆ. ‘ಕಳೆದ ಆರು ತಿಂಗಳಲ್ಲಿ ತಿದ್ದಿದವು ಮಾತ್ರ’ ಎಂಬ ಚೌಕಕ್ಕೆ ಟಿಕ್ ಹಾಕಿಯೇ ಹುಡುಕುವುದು ವಾಡಿಕೆ. ನಿನ್ನೆ ಒಬ್ಬ ವಕೀಲರು ಹಳೆಯ ಕಾಲದ, ತಪ್ಪಿಲ್ಲದ ಟೈಪಿಸ್ಟ್ ಬೇಕೆಂದಿದ್ದರು. ಯಾರೂ ಸಿಗಲಿಲ್ಲ. ಟಿಕ್ ತೆಗೆದೆ. ನಲವತ್ತೊಂದನೆಯ ಪುಟದಲ್ಲಿ ನಮ್ಮ ಟೈಪಿಂಗ್ ಮೇಷ್ಟ್ರು ಇದ್ದರು...

ಅವರ ಇನ್‌ಸ್ಟಿಟ್ಯೂಟ್ ಯಡಿಯೂರು ಕೆರೆಯ ಹಿಂದಿನ ರಸ್ತೆಯಲ್ಲಿತ್ತು. ಕೆಳಗೆ ಕಾಫಿಪುಡಿ ಅಂಗಡಿ, ಮೇಲೆ ಹತ್ತು ಟೈಪ್‌ರೈಟರ್. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗಿನ ಜೂನಿಯರ್ ಪರೀಕ್ಷೆಗೆ ಕಟ್ಟಿದಾಗ ಬೆಳಗಿನ ಬ್ಯಾಚಿಗೆ ಮಷೀನ್ ಸಿಗದೆ ಮೆಟ್ಟಿಲ ಮೇಲೆ ಕಾಯುತ್ತಿದ್ದೆವು. ಬಿ.ಕಾಂ. ಮುಗಿಸಿ ಮತ್ತೆ ಹೋದದ್ದು ಎರಡು ಸಾವಿರದ ಎರಡರ ಬೇಸಿಗೆಯಲ್ಲಿ. ಆಗ ಕಲಿಯುವವರು ಇಬ್ಬರೇ. ಎಂಟು ಮಷೀನುಗಳಿಗೆ ಹೊದಿಕೆ ಹಾಕಿತ್ತು. ಮೂಲೆಯಲ್ಲಿ ಒಂದು ಕಂಪ್ಯೂಟರ್ ಬಂದಿತ್ತು. ಟೈಪಿಂಗ್ ಕಲಿಯಲು ಬಾರದವರು ಇಂಟರ್ನೆಟ್ಟಿನಲ್ಲಿ ಕೆಲಸ ಹುಡುಕಲಾದರೂ ಬಂದಾರು ಎಂಬುದು ಮೇಷ್ಟ್ರ ಲೆಕ್ಕಾಚಾರ.

ಬಂದರು. ಒಟ್ಟು ಹದಿನಾಲ್ಕು ಜನ. ಯಾರ ಬಳಿಯೂ ಮೊಬೈಲ್ ಇರಲಿಲ್ಲ. ಹಾಗಾಗಿ ಹದಿನಾಲ್ಕೂ ರೆಸ್ಯೂಮ್‌ಗಳಲ್ಲಿ ಇದ್ದದ್ದು ಇನ್‌ಸ್ಟಿಟ್ಯೂಟಿನ ನಂಬರ್. ತೊಂದರೆಯೆಂದರೆ ಇಂಟರ್ನೆಟ್ಟೂ ಅದೇ ಫೋನ್ ಲೈನಿನಲ್ಲಿ ಬರುತ್ತಿತ್ತು. ನಾವು ಕೆಲಸ ಹುಡುಕುತ್ತಿರುವಷ್ಟು ಹೊತ್ತು ಕೆಲಸ ಕೊಡುವವರಿಗೆ ನಮ್ಮ ಫೋನ್ ಎಂಗೇಜ್. ಇದು ಗೊತ್ತಾಗುವ ಹೊತ್ತಿಗೆ ಎಷ್ಟು ಕರೆ ತಪ್ಪಿದ್ದವೋ! ಆಮೇಲೆ ಮೇಷ್ಟ್ರು ಒಂದು ನಿಯಮ ಮಾಡಿ ಗೋಡೆಗೆ ಅಂಟಿಸಿದರು: ಒಂದರಿಂದ ಎರಡು, ಫೋನ್ ಬರುವ ಹೊತ್ತು, ಇಂಟರ್ನೆಟ್ ಇಲ್ಲ. ರೆಸ್ಯೂಮಿನಲ್ಲೂ ಅದೇ ಸಮಯ ಬರೆಸಿದರು. ಆ ಹೊತ್ತಿಗೆ ಅವರು ಬನಶಂಕರಿಯ ಮನೆಗೆ ಊಟಕ್ಕೆ ಹೋಗುತ್ತಿದ್ದರು. ಫೋನಿನ ಮುಂದೆ ಕೂರುವುದು ನಾನು.

ಬಂದ ಕರೆಗಳಿಗೆ ಒಂದು ರಿಜಿಸ್ಟರ್ ಮಾಡಿದ್ದೂ ನಾನೇ. ತಾರೀಖು, ಸಮಯ, ಯಾರಿಗೆ, ಏನು ಹೇಳಿದರು, ಕೊನೆಯಲ್ಲಿ ‘ತಿಳಿಸಿದೆ’. ವಿಷಯ ಮುಟ್ಟಿಸಿದ ಮೇಲೆ ಆ ಕೊನೆಯ ಕಾಲಮ್ಮಿಗೆ ಕೆಂಪು ಟಿಕ್. ಮೇಷ್ಟ್ರಿಗೆ ಅದು ಬಹಳ ಹಿಡಿಸಿತ್ತು. “ಬ್ಯಾಂಕಲ್ಲೂ ಇಷ್ಟು ನೀಟಾಗಿ ಇಡಲ್ಲ ಕಣ್ರೀ,” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಬೆಳಿಗ್ಗೆ ಎಂಟಕ್ಕೆ ಇನ್ನೊಂದು ಕೆಲಸವಿತ್ತು. ರೆಸ್ಯೂಮಿನಲ್ಲಿ ಏನಾದರೂ ತಿದ್ದಿದರೆ ಅದು ಕಂಪನಿಯವರ ಪಟ್ಟಿಯಲ್ಲಿ ಮೇಲೆ ಬರುತ್ತದೆ ಎಂದು ನಮಗೆ ಹೇಗೋ ತಿಳಿದಿತ್ತು. ಹದಿನಾಲ್ಕೂ ಜನರ ಪಾಸ್‌ವರ್ಡ್ ನನ್ನ ಡೈರಿಯ ಹಿಂದಿನ ಪುಟದಲ್ಲಿದ್ದವು. ಒಂದು ದಿನ ಕೊನೆಯ ಸಾಲಿನ ಪೂರ್ಣವಿರಾಮ ತೆಗೆಯುವುದು, ಮರುದಿನ ಹಾಕುವುದು. ಬಿ.ಟಿ.ಎಂ.ನಲ್ಲಿ ರೂಮ್ ಮಾಡಿದ್ದ ಗದಗಿನ ಹುಡುಗನೊಬ್ಬ ದಿನಾ ಮೆಟ್ಟಿಲಿಂದಲೇ ಕೂಗುತ್ತಿದ್ದ: “ಸರ, ನಂದ್ ಇವತ್ತ ಮ್ಯಾಲ ಐತೇನ್ರಿ, ಕೆಳಗ ಐತೇನ್ರಿ?”

“ಲಿಫ್ಟ್ ಇದ್ದಂಗೆ ಕಣಪ್ಪ ಅದು,” ಎನ್ನುತ್ತಿದ್ದರು ಮೇಷ್ಟ್ರು. “ಬೆಳಗ್ಗೆ ಮೇಲೆ, ಸಾಯಂಕಾಲ ಕೆಳಗೆ. ನಿನ್ನ ಫ್ಲೋರಲ್ಲಿ ಯಾರಾದ್ರೂ ಬಾಗ್ಲು ತೆಗೀಬೇಕಷ್ಟೆ.”

ಏಪ್ರಿಲ್ ಕೊನೆಯಲ್ಲಿ ಕಟ್ಟಡದ ಮಾಲೀಕರು ಬಂದು, ಗಣೇಶನ ಹಬ್ಬದೊಳಗೆ ಜಾಗ ಖಾಲಿ ಮಾಡಿಕೊಡಿ ಎಂದು ಹೇಳಿಹೋದರು. ಅವತ್ತು ಎಲ್ಲರೂ ಹೋದ ಮೇಲೆ ಮೇಷ್ಟ್ರು ಒಂದು ಮಷೀನಿನ ಹೊದಿಕೆ ಸರಿಮಾಡುತ್ತಾ ಕೇಳಿದರು:

“ನಂದೂ ಒಂದು ಹಾಕ್ಬಿಡಮ್ಮ ಅದ್ರಲ್ಲಿ.”

“ಏನ್ ಸಾರ್?”

“ರೆಸ್ಯೂಮು. ಡೇಟ್ ಆಫ್ ಬರ್ತ್ ಹಾಕ್ಲೇಬೇಕಾ?”

ಹಾಕಲೇಬೇಕಿತ್ತು. ಅವರಿಗೆ ಐವತ್ಮೂರು. ಹತ್ತೂ ಬೆರಳಲ್ಲಿ, ಕೀಲಿ ನೋಡದೆ, ನಾಲ್ಕು ನಿಮಿಷದಲ್ಲಿ ಇಡೀ ರೆಸ್ಯೂಮ್ ಹೊಡೆದರು. ಮೌಸ್ ಮಾತ್ರ ಮುಟ್ಟುತ್ತಿರಲಿಲ್ಲ. ಅದು ಕೈಯಲ್ಲಿ ಜಾರುತ್ತದೆ ಎನ್ನುತ್ತಿದ್ದರು. ಸಾಲುಗಳು ಮುರಿದಿವೆ, ಕೂಡಿಸುತ್ತೇನೆ ಎಂದೆ. “ಬೇಡ, ಮಾರ್ಜಿನ್ ಬಿಡ್ಬೇಕು. ನೋಡೋರಿಗೆ ಗೊತ್ತಾಗತ್ತೆ,” ಎಂದರು. ಅವತ್ತಿನಿಂದ ನಾನು ಬೆಳಿಗ್ಗೆ ಹದಿನೈದು ಪೂರ್ಣವಿರಾಮ ತಿದ್ದತೊಡಗಿದೆ. ತಮ್ಮದು ಇರುವುದು ಯಾರಿಗೂ ಗೊತ್ತಾಗಬಾರದೆಂದು ಹೇಳಿದ್ದರು. ಮಧ್ಯಾಹ್ನ ಊಟ ಮುಗಿಸಿ ಬಂದವರು ಚಪ್ಪಲಿ ಬಿಡುವ ಮೊದಲೇ ರಿಜಿಸ್ಟರಿನ ಕಡೆ ನೋಡುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಆಮೇಲೆ ಚಪ್ಪಲಿ ಬಿಡುತ್ತಿದ್ದರು.

ನನ್ನ ಸ್ಥಿತಿಯೂ ಬೇರೆಯಿರಲಿಲ್ಲ. ಅಪ್ಪನ ಕಾರ್ಖಾನೆ ಮುಚ್ಚಿ ಎರಡು ವರ್ಷವಾಗಿತ್ತು. ಜೂನ್ ಮುಗಿಯುವುದರೊಳಗೆ ನನಗೆ ಕೆಲಸ ಸಿಗದಿದ್ದರೆ ತಂಗಿಯನ್ನು ಕಾಲೇಜಿಗೆ ಸೇರಿಸುವುದು ಬೇಡ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಯಾರೂ ಜಗಳವಾಡಲಿಲ್ಲ. ತಂಗಿ ತನ್ನ ಮಾರ್ಕ್ಸ್ ಕಾರ್ಡನ್ನು ಬೀರುವಿನೊಳಗೆ ಸೀರೆಗಳ ಕೆಳಗೆ ಇಟ್ಟಳು, ಅಷ್ಟೆ. ಜೂನ್ ಹನ್ನೊಂದರ ರಾತ್ರಿ ನನ್ನ ಡೈರಿಯಲ್ಲಿ ಹೀಗಿದೆ: ಅರ್ಜಿ ಅರವತ್ತೊಂದು. ಫೋನ್ ನಾಲ್ಕು. ಸಂದರ್ಶನ ಮೂರು. ಕೆಲಸ ಸೊನ್ನೆ. ಉಳಿದ ದಿನ ಹತ್ತೊಂಬತ್ತು.

ಹನ್ನೆರಡನೆಯ ತಾರೀಖಿನ ಪುಟದಲ್ಲಿ ಏನೂ ಇಲ್ಲ.

ಅವತ್ತು ಬೆಳಿಗ್ಗೆ ಕೆರೆಯ ಕಡೆ ಕರೆಂಟ್ ಹೋಗಿತ್ತು, ಪೂರ್ಣವಿರಾಮ ತಿದ್ದಲಾಗಿರಲಿಲ್ಲ. ಮಧ್ಯಾಹ್ನ ಒಂದೂ ನಲವತ್ತಕ್ಕೆ ಫೋನ್ ಬಂತು. ಮೇಷ್ಟ್ರು ಊಟಕ್ಕೆ ಹೋಗಿದ್ದರು. ಹೆಂಗಸಿನ ದನಿ, ಅವಸರದ್ದು. ಜೆ.ಪಿ. ನಗರದಲ್ಲಿ ಹೊಸದಾಗಿ ಕಚೇರಿ ತೆರೆದಿದ್ದಾರೆ, ಬಂದ ರೆಸ್ಯೂಮ್‌ಗಳನ್ನು ಟೈಪ್ ಮಾಡಿ ಸರಿಪಡಿಸಿ ಇಡುವವರು ಬೇಕು. ಮೇಷ್ಟ್ರ ಹೆಸರು ಹೇಳಿ, “ಇದಾರಾ? ನಾಳೆ ಹತ್ತು ಗಂಟೆಗೆ ಬರೋಕಾಗತ್ತಾ ಕೇಳಿ,” ಎಂದರು.

ರಿಜಿಸ್ಟರ್ ತೆರೆದೇ ಇತ್ತು. ಪೆನ್ನೂ ಕೈಯಲ್ಲಿತ್ತು. ತಾರೀಖು ಬರೆಯಬೇಕಿತ್ತು...

“ಮೇಡಂ, ಅವ್ರಿಗೆ ಬೇರೆ ಕಡೆ ಕೆಲ್ಸ ಆಗೋಯ್ತು,” ಎಂದೆ.

“ಅಯ್ಯೋ, ಹೌದಾ.”

“ಇದೇ ನಂಬರಲ್ಲಿ ನಂದೂ ಇದೆ ಮೇಡಂ, ನೋಡಿ. ನಾನೂ ಸೀನಿಯರ್ ಮಾಡಿದೀನಿ.”

ಆ ಕಡೆ ಮೌಸ್ ಒತ್ತಿದ ಸದ್ದು ಎರಡು ಸಲ ಕೇಳಿಸಿತು. “ಸರಿ, ನೀವೇ ಬನ್ನಿ,” ಎಂದರು.

ಎರಡು ಗಂಟೆಗೆ ಮೇಷ್ಟ್ರು ಬಂದರು. ಬಾಗಿಲಲ್ಲಿ ನಿಂತು ರಿಜಿಸ್ಟರ್ ನೋಡಿದರು. ನಾನು ತಲೆಯಾಡಿಸಿದೆ. ಅವರು ಚಪ್ಪಲಿ ಬಿಟ್ಟರು.

ಕೆಲಸ ಸಿಕ್ಕಿತು. ಸಂದರ್ಶನ ಮುಗಿದ ಮೇಲೆ ಆ ಮೇಡಂ ನಗುತ್ತಾ, “ನಿಜ ಹೇಳ್ಬೇಕಂದ್ರೆ ನಮಗೆ ವಯಸ್ಸಾದೋರೇ ಬೇಕಿತ್ತಮ್ಮ. ಹುಡುಗೀರು ಮದುವೆ ಆಗಿ ಹೊರಟೋಗ್ತೀರ,” ಎಂದಿದ್ದರು. ನಾನು ಏಳು ವರ್ಷದಿಂದ ಅಲ್ಲೇ ಇದ್ದೇನೆ.

ಮೇಷ್ಟ್ರಿಗೆ ಹೇಳಲು ಹೋದದ್ದು ಸಂದರ್ಶನದ ಮರುದಿನ ಬೆಳಿಗ್ಗೆ. ತುಂಬಾ ಸಂತೋಷಪಟ್ಟರು. ಕೆಳಗಿನ ಅಂಗಡಿಯಿಂದ ಕಾಫಿ ತರಿಸಿದರು. ಆಮೇಲೆ ರಿಜಿಸ್ಟರ್ ಎಳೆದುಕೊಂಡು ಒಂದು ಪುಟ ಹಿಂದಕ್ಕೆ ತಿರುಗಿಸಿದರು, ಮತ್ತೆ ಮುಂದಕ್ಕೆ.

“ಕಾಲ್ ಯಾವತ್ತು ಬಂತಮ್ಮ? ಬರೆದೇ ಇಲ್ವಲ್ಲ ನೀನು.”

ನಾನು ಲೋಟ ನೋಡುತ್ತಿದ್ದೆ.

“ಇರ್ಲಿ ಬಿಡು,” ಎಂದು ರಿಜಿಸ್ಟರ್ ಮುಚ್ಚಿದರು. “ಸಂತೋಷದಲ್ಲಿ ಮರ್ತಿರ್ತೀಯ.”

ಹಾಗೆಂದು ನಿಜವಾಗಿ ನಂಬಿದ್ದರೋ, ನನಗೆ ದಾರಿ ಬಿಟ್ಟುಕೊಟ್ಟರೋ... ಗೊತ್ತಿಲ್ಲ. ತಂಗಿ ಕಾಲೇಜು ಸೇರಿದಳು. ನಾನು ತಿಂಗಳುಗಟ್ಟಲೆ ಆ ರಸ್ತೆಗೆ ಹೋಗಲಿಲ್ಲ. ಬಸ್ಸು ಯಡಿಯೂರು ದಾಟುವಾಗ ಆಚೆ ಬದಿಯ ಸೀಟು ಹಿಡಿಯುತ್ತಿದ್ದೆ. ಧೈರ್ಯ ಮಾಡಿ ಹೋದದ್ದು ದೀಪಾವಳಿ ಕಳೆದ ಮೇಲೆ. ಮಹಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದಿತ್ತು. ಮೇಷ್ಟ್ರು ಎಲ್ಲಿ ಹೋದರೆಂದು ಕಾಫಿಪುಡಿ ಅಂಗಡಿಯವರಿಗೂ ತಿಳಿದಿರಲಿಲ್ಲ. ಮಷೀನುಗಳನ್ನು ಗುಜರಿಯವರು ಗೋಣಿಯಲ್ಲಿ ಇಳಿಸಿದರಂತೆ.

“ಕೊನೆಕೊನೆಗೆ ಮಧ್ಯಾಹ್ನ ಊಟಕ್ಕೂ ಹೋಗ್ತಿರ್ಲಿಲ್ಲ ಕಣಮ್ಮ,” ಎಂದರು ಅಂಗಡಿಯವರು, ಪುಡಿ ತೂಗುತ್ತಾ. “ಒಂದರಿಂದ ಎರಡು ಫೋನ್ ಬರತ್ತೆ, ಎತ್ಕೊಳ್ಳೋರಿಲ್ಲ ಅಂತ ಕೂತಿರ್ತಿದ್ರು. ಯಾರ ಫೋನೋ ಏನೋ.”

ಈ ಹಾಳೆಯ ಮೇಲ್ತುದಿಯಲ್ಲಿ ವೆಬ್‌ಸೈಟ್ ತಾನಾಗಿ ಒಂದು ಸಾಲು ಮುದ್ರಿಸಿದೆ: ಕೊನೆಯ ಬಾರಿ ತಿದ್ದಿದ್ದು, ಹನ್ನೊಂದನೇ ಜೂನ್. ಅದು ನಾನು ತೆಗೆದ ಪೂರ್ಣವಿರಾಮ. ಕೊನೆಯ ಸಾಲಿನ ತುದಿ ಇನ್ನೂ ಖಾಲಿಯಿದೆ. ಮರುದಿನ ಹಾಕಬೇಕಿತ್ತು. ನಾನು ಬಿಟ್ಟ ಮೇಲೆ ಅವರ ರೆಸ್ಯೂಮನ್ನು ಮೇಲೆತ್ತುವವರು ಇರಲಿಲ್ಲ. ಏಳು ವರ್ಷದಲ್ಲಿ ಅದು ದಿನಕ್ಕಿಷ್ಟು ಇಳಿಯುತ್ತಾ ಇಲ್ಲಿಗೆ ಬಂದಿದೆ. ಅವರು ಆ ಫೋನಿನ ಮುಂದೆ ಕುಳಿತಿದ್ದ ಅಷ್ಟೂ ಮಧ್ಯಾಹ್ನ ಅವರ ಹೆಸರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಈಗಿನ ಲ್ಯಾಂಡ್‌ಲೈನ್ ನಂಬರುಗಳಿಗೆ ಎಂಟು ಅಂಕಿ. ಹಳೆಯ ನಂಬರಿನ ಮೊದಲಿಗೆ ಎರಡು ಎಂಬ ಅಂಕಿ ಸೇರಿಸಿ ಇವತ್ತು ಮಧ್ಯಾಹ್ನ ಒಂದೂ ನಲವತ್ತಕ್ಕೆ ಫೋನ್ ಮಾಡಿ ನೋಡಿದೆ. ಈ ನಂಬರ್ ಚಾಲ್ತಿಯಲ್ಲಿಲ್ಲ ಎಂದಿತು.

ಹಳೆಯ ಡೈರಿ ತೆಗೆದು, ಆ ಖಾಲಿ ಪುಟದ ಮೇಲೆ ಸ್ಕೇಲ್ ಇಟ್ಟು ಐದು ಕಾಲಮ್ ಎಳೆದೆ. ತಾರೀಖು, ಹನ್ನೆರಡು ಜೂನ್. ಸಮಯ, ಒಂದು ನಲವತ್ತು. ಯಾರಿಗೆ, ಸಾರ್‌ಗೆ. ಏನು ಹೇಳಿದರು, ನಾಳೆ ಹತ್ತು ಗಂಟೆಗೆ ಬರಬೇಕು.

ಕೊನೆಯ ‘ತಿಳಿಸಿದೆ’ ಕಾಲಮ್ಮಿಗೆಂದು ಕೆಂಪು ಪೆನ್ನು ತೆರೆದೆ. ಆಮೇಲೆ ಮುಚ್ಚಳ ಹಾಕಿದೆ.