ನಮ್ಮ ಕಡೆಯವರು ಹಾಕಿದ ಸಾಫ್ಟ್‌ವೇರ್

ಚನ್ನಗಿರಿಯ ನಮ್ಮ ಮನೆಯ ಹಾಲಿನಲ್ಲಿ, ಟಿ.ವಿ.ಗೂ ದೇವರ ಕೋಣೆಯ ಬಾಗಿಲಿಗೂ ನಡುವೆ ಒಂದು ಕಂಪ್ಯೂಟರ್ ಇದೆ. ನಮ್ಮತ್ತೆ ಅದಕ್ಕೆ ಹಳೇ ಸೀರೆಯಲ್ಲಿ ಮುಸುಕು ಹೊಲಿದು ಹಾಕಿದ್ದಾರೆ. ಮುಸುಕು ತೆಗೆದು, ಸ್ವಿಚ್ ಒತ್ತಿ, ಅಡುಗೆಮನೆಗೆ ಹೋಗಿ ಬೇಳೆ ಬೇಯಲಿಟ್ಟು, ಕುಕ್ಕರ್ ಮೂರು ಸಲ ಕೂಗಿದ ಮೇಲೆ ಬಂದು ನೋಡಿದರೂ ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು.

ಕೊಂಡಾಗ ಅದು ಹೀಗಿರಲಿಲ್ಲ. ಅದನ್ನು ಕೆಡಿಸಿದ್ದು ನೆಂಟರು. ನಮ್ಮ ಕಡೆ ನೆಂಟರು ಬರಿಗೈಯಲ್ಲಿ ಬರುವುದಿಲ್ಲ. ಬಾಳೆಹಣ್ಣೋ, ಖಾರ ಮಂಡಕ್ಕಿಯೋ, ಬೆಣ್ಣೆ ಬಿಸ್ಕತ್ತೋ ತರುತ್ತಾರೆ. ಮನೆಗೆ ಕಂಪ್ಯೂಟರ್ ಬಂದ ಮೇಲೆ ಅದಕ್ಕೂ ಏನಾದರೊಂದು ತರತೊಡಗಿದರು. ಕಾಫಿ ಕುಡಿದಾದ ಮೇಲೆ ಜೇಬಿನಿಂದ ಪೆನ್‌ಡ್ರೈವ್ ತೆಗೆಯುವುದು, ಕುರ್ಚಿ ಎಳೆದುಕೊಳ್ಳುವುದು, "ಇದರಾಗೆ ಇದೊಂದು ಇಲ್ವಲ್ರೀ!" ಎಂದು ಮರುಗುವುದು. ಬೀಗರು ತಂದ ತಿಂಡಿ ಬಾಯಿಗೆ ಹಿಡಿಸದಿದ್ದರೆ ಅವರು ಗೇಟು ದಾಟಿದ ಮೇಲೆ ದನಕ್ಕೆ ಹಾಕಬಹುದು. ಅವರು ಹಾಕಿಕೊಟ್ಟ ಸಾಫ್ಟ್‌ವೇರನ್ನು ಯಾವ ದನವೂ ಮೂಸುವುದಿಲ್ಲ. ಮುಂದಿನ ಸಲ ಬಂದಾಗ ಅದು ಅಲ್ಲೇ ಇದೆಯೋ ಇಲ್ಲವೋ ಎಂದು ಅವರು ನೋಡಿಯೇ ನೋಡುತ್ತಾರೆ.

ಹೀಗೆ ಬಂದ ಉಡುಗೊರೆಗಳಲ್ಲಿ ಮುಖ್ಯವಾದವು ಎರಡು. ಒಂದು, ಹೊನ್ನಾಳಿ ಅಳಿಯಂದಿರು, ಅಂದರೆ ನನ್ನ ನಾದಿನಿಯ ಗಂಡ, ಹಾಕಿದ ಆಂಟಿವೈರಸ್. ಅವರದು ಗೊಬ್ಬರದ ಅಂಗಡಿ. ಆದರೆ ಅವರು ಗೊಬ್ಬರದ ಬಗ್ಗೆ ಒಂದು ಮಾತೂ ಆಡದೆ ಮೂರು ಹೊತ್ತೂ ಕಂಪ್ಯೂಟರ್ ಬಗ್ಗೆ ಆಡುತ್ತಾರೆ. "ಇನ್ಮೇಲೆ ಒಂದು ನೊಣಾನೂ ಒಳಗೆ ಬರಾಕೆ ಆಗಲ್ಲ, ನೋಡ್ತಿರ್ರಿ" ಎಂದು ಹೇಳಿ ಹೋದರು. ಅವರ ಮಾತು ಸುಳ್ಳಾಗಲಿಲ್ಲ. ಆವತ್ತಿನಿಂದ ನಮಗೂ ಒಳಗೆ ಹೋಗಲಾಗಲಿಲ್ಲ.

ಇನ್ನೊಂದು ನ್ಯಾಮತಿಯ ನನ್ನ ತಮ್ಮ ಹಾಕಿದ್ದು. ಅವನದು ಫೋಟೋ ಸ್ಟುಡಿಯೋ. ತನ್ನ ಮದುವೆಯ ಸಾವಿರಾರು ಫೋಟೋಗಳನ್ನು ತುಂಬಿ, ಜೊತೆಗೆ ಮುಖಗಳನ್ನು ಗುರುತು ಹಿಡಿದು ಜೋಡಿಸಿಡುವ ಒಂದು ಸಾಫ್ಟ್‌ವೇರನ್ನೂ ಹಾಕಿಕೊಟ್ಟಿದ್ದ. ಅದು ಆಗಾಗ ಪರದೆಯ ಮೂಲೆಯಲ್ಲಿ ಎದ್ದು, ನಮ್ಮತ್ತೆಯ ಫೋಟೋ ಒಂದನ್ನೂ ಅಡಿಗೆ ಭಟ್ಟರ ಫೋಟೋ ಒಂದನ್ನೂ ಪಕ್ಕಪಕ್ಕ ಇಟ್ಟು, ಇವರಿಬ್ಬರೂ ಒಬ್ಬರೇನಾ ಎಂದು ಕೇಳುತ್ತಿತ್ತು. ನಮ್ಮತ್ತೆಗೆ ಕೋಪ ಬರುತ್ತಿತ್ತು. ನನಗೆ ಮಾತ್ರ ನನ್ನ ತಮ್ಮನ ಬುದ್ಧಿವಂತಿಕೆ ಕಂಡು ಖುಷಿಯಾಗುತ್ತಿತ್ತು.

ನಾನು ಜಗಳೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ವಾರವಿಡೀ ಜಗಳೂರಿನಲ್ಲಿ ಒಂದು ರೂಮು, ಒಂದು ಸ್ಟೌ, ಎರಡು ಪಾತ್ರೆ. ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹಿಡಿದು, ದಾವಣಗೆರೆಯಲ್ಲಿ ಇನ್ನೊಂದು ಹತ್ತಿ, ತ್ಯಾವಣಿಗೆ ದಾಟುವಾಗ ಮನೆಗೆ ಫೋನ್ ಮಾಡುತ್ತೇನೆ. ಎರಡನೇ ಕ್ಲಾಸಿನ ಮಗಳು ಅಜ್ಜಿಯ ಕೈ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದು ನಿಂತಿರುತ್ತಾಳೆ. ಭಾನುವಾರ ಸಂಜೆ ಅದೇ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸೆರಗು ಬಿಡದೆ ಅಳುವುದು, ಕಂಡಕ್ಟರ್ ಸೀಟಿ ಊದುವುದು. ನಾಲ್ಕು ವರ್ಷದಿಂದ ಇದೇ ಹಾಡು.

ಆ ವರ್ಷ ವರ್ಗಾವಣೆಯ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಚನ್ನಗಿರಿ ಊರೊಳಗೇ ಗಣಿತಕ್ಕೆ ಒಂದೇ ಒಂದು ಜಾಗ ಖಾಲಿಯಿತ್ತು, ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ. ನನಗಿಂತ ಮುಂದಿದ್ದವರಾರಿಗೂ ಅದು ಬೇಕಿರಲಿಲ್ಲ. ಎಲ್ಲವೂ ಆನ್‌ಲೈನ್. ನನ್ನ ಸರದಿ ಬಂದಾಗ ಇಪ್ಪತ್ತು ನಿಮಿಷದೊಳಗೆ ಜಾಗ ಆರಿಸಿ ಬಟನ್ ಒತ್ತಬೇಕು. ತಪ್ಪಿದರೆ ಸರದಿ ನನ್ನ ನಂತರದವರಿಗೆ ಹೋಗುತ್ತದೆ. ಆ ಪುಟ ಮೊಬೈಲಿನಲ್ಲಿ ತೆರೆಯುವುದಿಲ್ಲ, ಕಂಪ್ಯೂಟರಿನಲ್ಲೇ ಮಾಡಬೇಕು.

ಸರದಿಯ ಹಿಂದಿನ ಭಾನುವಾರವೇ ನಾನು ಮುಸುಕು ತೆಗೆದು ಕೂತೆ. ಕಂಪ್ಯೂಟರಿನ ಪೆಟ್ಟಿಗೆ ಗೊರ್ರ್ ಎನ್ನತೊಡಗಿತು.

"ಇದೇನವ್ವಾ, ಹಿಟ್ಟಿನ ಗಿರಣಿ ಹಂಗೆ ಸದ್ದು ಮಾಡ್ತೈತೆ!" ಎಂದರು ಅತ್ತೆ.

ನನ್ನ ಗಂಡನದು ಹಾರ್ಡ್‌ವೇರ್ ಅಂಗಡಿ. ಅಂದರೆ ಮೊಳೆ, ಪೈಪು, ಬಣ್ಣದ ಡಬ್ಬಿಯ ಹಾರ್ಡ್‌ವೇರು. ಆದರೂ ಆ ಹೆಸರಿನ ಬಲದಿಂದ ಕಂಪ್ಯೂಟರ್ ರಿಪೇರಿ ತಮ್ಮದೇ ಹಕ್ಕು ಎಂದುಕೊಂಡಿದ್ದರು. ಅಂಗಡಿಯಿಂದ ಬಣ್ಣದ ಬ್ರಶ್ಶು ತಂದು ಪೆಟ್ಟಿಗೆಯ ಒಳಗೆಲ್ಲ ಗುಡಿಸಿದರು. ಗಾಳಿಯಾಡಲಿ ಎಂದು ಗೋಡೆಯಿಂದ ಈಚೆಗೆ ಎಳೆದರು. ಕೊನೆಗೆ "ಭಾರ ಜಾಸ್ತಿ ಆಗೈತೆ" ಎಂದು ಪರದೆಯ ಮೇಲಿದ್ದ ಮಗಳ ಫೋಟೋ ತೆಗೆದುಹಾಕಿದರು. ಕಂಪ್ಯೂಟರ್ ಮೊದಲಿನಷ್ಟೇ ನಿಧಾನವಾಗಿತ್ತು, ಒಂದು ಮುಖ ಕಡಿಮೆಯಾಗಿತ್ತು ಅಷ್ಟೇ.

ನಾನೇ ಟಾಸ್ಕ್ ಮ್ಯಾನೇಜರ್ ತೆಗೆದೆ. ನಮಗೆ ಕಾಣದ ಹಾಗೆ ಹಿಂದೆ ಯಾವ ಯಾವ ಸಾಫ್ಟ್‌ವೇರ್ ಓಡುತ್ತಿದೆ, ಯಾವುದು ಎಷ್ಟು ತಿನ್ನುತ್ತಿದೆ ಎಂದು ತೋರಿಸುವ ಪಟ್ಟಿ ಅದು. ಮೊದಲ ಸಾಲಿನಲ್ಲೇ ಹೊನ್ನಾಳಿಯ ಆಂಟಿವೈರಸ್ ಕೂತಿತ್ತು. "ಸಿಕ್ಕಿದ ಕಳ್ಳ!" ಎಂದು ಕೂಗಿದೆ. ಎರಡನೇ ಸಾಲು ಓದುವ ತಾಳ್ಮೆ ನನಗಿರಲಿಲ್ಲ.

"ಅಳಿಯಂದಿರು ಹಾಕಿದ್ದನ್ನ ಅವ್ರನ್ನ ಕೇಳ್ದೆ ತೆಗೀತೀಯಾ?" ಅತ್ತೆ ಗಾಬರಿಯಾದರು. "ನಾಳೆ ನನ್ನ ಮಗಳು ಅಲ್ಲಿ ಮಾತು ಕೇಳಬೇಕಾಗತೈತೆ."

ಹಾಗಾಗಿ ನನ್ನ ಗಂಡ ಹೊನ್ನಾಳಿಗೆ ಫೋನ್ ಮಾಡಿ, ಒಂದು ಸಾಫ್ಟ್‌ವೇರ್ ತೆಗೆಯಲು ಅಪ್ಪಣೆ ಕೇಳಿದರು. ಮೊದಲು ಮಳೆ, ಆಮೇಲೆ ಮಕ್ಕಳ ಆರೋಗ್ಯ, ಆಮೇಲೆ ಯೂರಿಯಾ, ಕೊನೆಗೆ ವಿಷಯ. ಸ್ಪೀಕರಿನಲ್ಲಿ ಉತ್ತರ ಎಲ್ಲರಿಗೂ ಕೇಳಿಸಿತು: "ತೆಗೀರಿ ಭಾವಾ, ತೆಗೀರಿ. ನಿಮ್ಮ ಕಂಪ್ಯೂಟರು. ನಾವು ಹಾಕಿದ್ದು ನಿಮಗೆ ಬ್ಯಾಡಾಗಿದ್ರೆ ತೆಗೀರಿ, ನಮ್ದೇನೈತೆ."

ಇದರ ಅರ್ಥ ಮುಟ್ಟಿದರೆ ಜೋಕೆ ಎಂದು. ನನ್ನ ಗಂಡ ಬೆವರು ಒರೆಸಿಕೊಂಡು, "ಇಲ್ಲಿಲ್ಲ ಭಾವಾ, ಸುಮ್ನೆ ಕೇಳಿದ್ನಪ್ಪಾ! ಬಾಳ ಚೆನ್ನಾಗಿ ಓಡ್ತೈತೆ" ಎಂದು ಫೋನ್ ಇಟ್ಟರು.

ಜಗಳೂರಿಗೆ ಹೋಗಿ ಸ್ಟಾಫ್ ರೂಮಿನಲ್ಲಿ ಈ ಕತೆ ಹೇಳಿದೆ. ಅಳಿಯಂದಿರ ದನಿ, ನನ್ನ ಗಂಡನ ದನಿ, ಅತ್ತೆಯ ಗಾಬರಿ ಎಲ್ಲವನ್ನೂ ಮಾಡಿ ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಒಂದು ಸಾಫ್ಟ್‌ವೇರಿಗೂ ಮರ್ಯಾದೆ ಕೊಡೋ ಮನೆ ಕಣ್ರೀ ನಮ್ದು" ಎಂದೆ. ಇಂಥ ಜನರ ನಡುವೆ ನಾನೊಬ್ಬಳೇ ತಲೆ ನೆಟ್ಟಗಿರುವವಳು ಎಂಬ ಜಂಬ ನನಗಿತ್ತು.

ಸರದಿ ಬಂದದ್ದು ಬುಧವಾರ, ಮಧ್ಯಾಹ್ನ ಎರಡು ನಲವತ್ತಕ್ಕೆ. ರಜೆ ಹಾಕಿ ಹಿಂದಿನ ದಿನವೇ ಬಂದಿದ್ದೆ. ಸೈಬರ್ ಅಂಗಡಿಗೆ ಹೋಗೋಣ ಅಂದರೆ, "ಮನೇಲಿ ಕಂಪ್ಯೂಟರ್ ಇಟ್ಕಂಡು ಅಲ್ಲಿ ಹೋಗಿ ಕೂತ್ಕಂತಾರಾ? ನೋಡಿದೋರು ಏನಂತಾರೆ?" ಎಂದರು ನನ್ನ ಗಂಡ. ಬೆಳಿಗ್ಗೆ ಅದು ಹತ್ತೇ ನಿಮಿಷದಲ್ಲಿ ತೆರೆದುಕೊಂಡಿದ್ದರಿಂದ ನಾನೂ ಹ್ಞೂಂ ಅಂದೆ. ಅಮ್ಮ ಮನೆಯಲ್ಲಿದ್ದಾಳೆ ಎಂದು ಹೊಟ್ಟೆನೋವು ತಂದುಕೊಂಡಿದ್ದ ಮಗಳು ಶಾಲೆಗೆ ಹೋಗದೆ ನನ್ನ ಕುರ್ಚಿಯ ಕೈಮೇಲೆ ಕೂತಿದ್ದಳು.

ಎರಡು ನಲವತ್ತಕ್ಕೆ ಸರಿಯಾಗಿ ಪುಟ ತೆರೆಯಲು ಒತ್ತಿದೆ. ಚುಕ್ಕಿಗಳು ಸುತ್ತಿದವು. ಎರಡು ನಲವತ್ತೈದು. ಪೆಟ್ಟಿಗೆ ಗೊರಗುಟ್ಟಿತು. ಮೌಸ್ ಎಳೆದರೆ ಬಾಣ ನಿಂತು ನಿಂತು ಸರಿಯುತ್ತಿತ್ತು.

ಆಗ ನನ್ನ ಗಂಡ ಒಂದು ಕೆಲಸ ಮಾಡಿದರು. ನನ್ನ ಕೈಯಿಂದ ಮೌಸ್ ತೆಗೆದುಕೊಂಡು, ಅವರ ತಾಯಿ ನೋಡುತ್ತಿರುವಾಗಲೇ, ಯಾರಿಗೂ ಫೋನ್ ಮಾಡದೆ, ಹೊನ್ನಾಳಿಯ ಆಂಟಿವೈರಸನ್ನು ಕಿತ್ತು ಹಾಕಿದರು. "ಏನಾರ ಅನ್ಕಳ್ಳಿ. ಈ ಮಗು ಎಷ್ಟು ದಿನ ಬಸ್‌ಸ್ಟ್ಯಾಂಡಾಗೆ ಅಳಬೇಕು?" ಎಂದರು. ಮದುವೆಯಾಗಿ ಹತ್ತು ವರ್ಷದಲ್ಲಿ ನನ್ನ ಗಂಡನ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಆ ಕ್ಷಣದಲ್ಲೇ.

ಎರಡು ಐವತ್ತೆರಡು. ಪುಟ ಅರ್ಧ ಬಂತು, ನಿಂತಿತು. ಇವರು ಮತ್ತೆ ಟಾಸ್ಕ್ ಮ್ಯಾನೇಜರ್ ಪಟ್ಟಿ ತೆಗೆದರು. ಈಗ ಮೊದಲ ಸಾಲಿನಲ್ಲಿ, ಕಂಪ್ಯೂಟರಿನ ಮುಕ್ಕಾಲು ಪಾಲನ್ನು ತಾನೊಂದೇ ನುಂಗುತ್ತಾ, ಆ ಫೋಟೋ ಜೋಡಿಸುವ ಸಾಫ್ಟ್‌ವೇರ್ ಇತ್ತು. ನನ್ನ ತಮ್ಮನ ಮದುವೆಗೆ ಬಂದವರ ಮುಖಗಳನ್ನು ಅದು ಇನ್ನೂ ಎಣಿಸುತ್ತಲೇ ಇತ್ತು.

ಇವರ ಬೆರಳು ಅದನ್ನು ಮುಗಿಸುವ ಬಟನ್ ಮೇಲೆ ಹೋಯಿತು. ನಾನು ಇವರ ಮಣಿಕಟ್ಟು ಹಿಡಿದುಕೊಂಡೆ.

"ತಡೀರಿ! ಅದು ನಮ್ಮ ತಮ್ಮ ಹಾಕಿದ್ದು."

"ಅದೇ ಕಣೇ ತಿಂತಿರೋದು, ನೋಡಿಲ್ಲಿ!"

"ತೆಗೆದ್ರೆ ಅವನ ಮದುವೆ ಫೋಟೋ ಎಲ್ಲಾ ಹೋಗ್ತಾವೆ."

"ಫೋಟೋ ಎಲ್ಲಿಗೂ ಹೋಗಲ್ಲ. ಕೈ ಬಿಡು."

"ನಿಮ್ಮ ಭಾವನದನ್ನ ತೆಗೀಬೇಕಾದ್ರೆ ಅಪ್ಪಣೆ ಕೇಳಿದ್ರಿ. ನಮ್ಮ ತವರಿನೋರು ಅಂದ್ರೆ ಸದರಾನಾ? ಅವನಿಗೊಂದು ಮಾತು ಕೇಳ್ತೀನಿ, ತಡೀರಿ!"

ಈ ಮಾತು ನನ್ನ ಬಾಯಿಂದಲೇ ಬಂತು. ಮೊನ್ನೆಯಷ್ಟೇ ಅಳಿಯಂದಿರ ದನಿ ಅಣಕಿಸಿ ಸ್ಟಾಫ್ ರೂಮು ನಗಿಸಿದ ಇದೇ ಬಾಯಿಂದ. ಇವರು ಕೈ ಸಡಿಲ ಬಿಟ್ಟು ನನ್ನನ್ನೇ ನೋಡಿದರು. ನಾನು ತಮ್ಮನಿಗೆ ಫೋನ್ ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಅವನು ಎಲ್ಲೋ ನಾಮಕರಣದ ಫೋಟೋ ತೆಗೆಯುತ್ತಿದ್ದನಂತೆ. ಮೂರನೇ ಸಲ ಹಚ್ಚುವಾಗ ಪುಟ ಪೂರ್ತಿ ತೆರೆದುಕೊಂಡಿತು. ನಿಮ್ಮ ಸಮಯ ಮುಗಿದಿದೆ ಎಂದು ಅದರಲ್ಲಿ ಬಹಳ ವಿನಯದಿಂದ ಬರೆದಿತ್ತು.

ನನ್ನ ನಂತರದ ಸರದಿಯವರು ಐದು ನಿಮಿಷದಲ್ಲಿ ಚನ್ನಗಿರಿ ತೆಗೆದುಕೊಂಡರು. ಕೊನೆಯಲ್ಲಿ ನನಗೆ ಉಳಿದದ್ದು ಜಗಳೂರಿಗಿಂತಲೂ ದೂರದ ಊರುಗಳು. ಇದ್ದಲ್ಲೇ ಇರುತ್ತೇನೆ ಎಂದು ಬರೆದುಕೊಟ್ಟೆ. ಅತ್ತೆ ಕಾಫಿ ತಂದು, "ಹೋಗ್ಲಿ ಬಿಡವ್ವಾ" ಎಂದು ಕೈಗೆ ಲೋಟ ಇಟ್ಟರು. ಅವರು ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ನನ್ನ ಗಂಡನೂ ಆ ಮಾತನ್ನು ಮತ್ತೆ ಎತ್ತಲಿಲ್ಲ, ಆ ಸಾಫ್ಟ್‌ವೇರನ್ನು ಮುಟ್ಟಲೂ ಇಲ್ಲ. ನಾನೂ ಹಟಕ್ಕೆ ಬಿದ್ದು ತೆಗೆಯಲಿಲ್ಲ. ತೆಗೆದರೆ ತಪ್ಪು ಒಪ್ಪಿಕೊಂಡಂತೆ ಎನ್ನಿಸುತ್ತಿತ್ತು. ಜಗಳೂರಿನಲ್ಲಿ ಕೇಳಿದವರಿಗೆ ಕರೆಂಟ್ ಹೋಯಿತು ಎಂದು ಹೇಳಿದೆ.

ಎರಡು ತಿಂಗಳ ಮೇಲೆ ಗೌರಿ ಹಬ್ಬಕ್ಕೆ ಮಗಳನ್ನು ಕರೆದುಕೊಂಡು ನಾವಿಬ್ಬರೂ ನ್ಯಾಮತಿಗೆ ಹೋದೆವು. ಊಟ ಮುಗಿಯುವ ಹೊತ್ತಿಗೆ ತಮ್ಮ ಹಬ್ಬದ ಫೋಟೋ ತೋರಿಸುತ್ತೇನೆಂದು ತನ್ನ ಕಂಪ್ಯೂಟರ್ ಹಚ್ಚಿದ. ಒತ್ತಿದ ಕೂಡಲೇ ತೆರೆದುಕೊಂಡಿತು.

"ಆ ಮುಖ ಜೋಡಿಸೋದು ಎಲ್ಲೋ?" ಎಂದು ಕೇಳಿದೆ.

"ಅಯ್ಯೋ ಅದಾ? ಅದನ್ನ ಯಾವಾಗ್ಲೋ ತೆಗ್ದು ಬಿಸಾಕ್ದೆ ಅಕ್ಕಾ. ಹಿಂದೆ ಓಡ್ಕಂತಾ ಇಡೀ ಕಂಪ್ಯೂಟರ್ ನುಂಗ್ತಿತ್ತು, ಸ್ಟುಡಿಯೋದಾಗೆ ಕೆಲಸಾನೇ ಸಾಗ್ತಿರಲಿಲ್ಲ. ನೀವೂ ತೆಗ್ದಿದೀರಿ ತಾನೆ?"

ನನ್ನ ಗಂಡ ತಟ್ಟೆಯಲ್ಲಿದ್ದ ಕಡುಬನ್ನು ಬಹಳ ಗಮನವಿಟ್ಟು ಮುರಿಯುತ್ತಿದ್ದರು.

"ಹ್ಞೂಂ ಕಣೋ, ತೆಗ್ದಿದೀವಿ" ಎಂದೆ.

"ಇಲ್ಲ ಮಾಮಾ, ಇನ್ನೂ ಐತೆ" ಎಂದಳು ನನ್ನ ತೊಡೆಯ ಮೇಲಿದ್ದ ಮಗಳು. "ಅಪ್ಪ ತೆಗೀತಿದ್ರು, ಅಮ್ಮ ಕೈ ಹಿಡ್ಕಂಡ್ಲು. ಅದಕ್ಕೇ ಅಮ್ಮ ಜಗಳೂರಾಗೇ ಇರೋದು."